ಇಪ್ಪತ್ನಾಲ್ಕು ವರ್ಷದ ಸರದಿ

ಡ್ರಾಮೆನ್, ನಿನ್ನ ಅಡುಗೆಮನೆ
ಗುರುವಾರ, ಅಕ್ಟೋಬರ್ 23, ಬೆಳಗ್ಗೆ

ಅಮ್ಮಾ,

ಇಲ್ಲ. ನಾನು ಅದಕ್ಕೆ ಬಂದಿರಲಿಲ್ಲ. ನೀನು ಫೋನಿನಲ್ಲಿ ಅಂದದ್ದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಆದರೆ ಅದು ಸುಳ್ಳು. ಭಾನುವಾರ ನಾನು ಸುನ್ನಿವಾ ಅಕ್ಕನ ಜೊತೆ ಜಗಳ ಆಡಲಿಲ್ಲ. ಒಂದು ಪ್ರಶ್ನೆ ಕೇಳಿದೆ, ಎದ್ದು ಹೋದೆ. ಕೇಕಿನ ತಟ್ಟೆ ಒಡೆದದ್ದು ಮೊಣಕೈ ತಾಗಿ. ಬೇಕೆಂದು ಒಡೆಯುವುದಾದರೆ ಒಂದು ತಟ್ಟೆಗೆ ನಿಲ್ಲಿಸುತ್ತಿರಲಿಲ್ಲ.

ನೀನು ರಾತ್ರಿ ಪಾಳಿ ಮುಗಿಸಿ ಒಳಗೆ ಮಲಗಿದ್ದೀಯ. ನನ್ನ ಹತ್ತಿರ ಇನ್ನೂ ಕೀಲಿ ಇದೆ, ಬಾಗಿಲು ತೆಗೆದುಕೊಂಡು ಒಳಗೆ ಬಂದೆ. ಎಬ್ಬಿಸಬಹುದಿತ್ತು. ಆದರೆ ನಾನು ಬಾಯಿ ಬಿಟ್ಟರೆ ಕಿರುಚುತ್ತೇನೆ, ಕಿರುಚಿದರೆ ನಿನಗೆ ದನಿ ಮಾತ್ರ ಕೇಳುತ್ತದೆ, ಮಾತು ಕೇಳುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಹದಿನಾರಕ್ಕೆ ಶಾಲೆ ಬಿಟ್ಟವನ ಬರಹ. ತಪ್ಪಿದ್ದರೆ ತಿದ್ದಿಕೊಂಡು ಓದು.

ನಾನು ಮನೆ ಕೊಳ್ಳುತ್ತಿದ್ದೆ.

ಹೆಡ್ಡಾ ಒಬ್ಬಳನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ. ನಾವು ಬೇರೆಯಾಗಿ ಒಂದೂವರೆ ವರ್ಷ ಆಯಿತು. ಎಂಬ್ಲಾ ಅವಳ ಹತ್ತಿರ ಇದ್ದಾಳೆ, ನನಗೆ ಸಿಗುವುದು ಶನಿವಾರ, ಅದೂ ಹಗಲು ಮಾತ್ರ. ನಾನಿರುವುದು ಮೂವರು ಗಂಡಸರು ಹಂಚಿಕೊಂಡಿರುವ ಮನೆ. ಅಲ್ಲಿ ನಾಲ್ಕು ವರ್ಷದ ಮಗಳನ್ನು ಎಲ್ಲಿ ಮಲಗಿಸಲಿ? ಮಾರ್ಚಿನಲ್ಲಿ ಹೆಡ್ಡಾ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಅಂದಳು: "ನೋಡು, ನಂಗೆ ನಿನ್ ಮೇಲೆ ಸಿಟ್ಟೇನಿಲ್ಲ. ಅವಳಿಗೆ ಅಂತ ಒಂದು ಮಂಚ, ಆ ಕೋಣೆಗೊಂದು ಬಾಗ್ಲು. ಅಷ್ಟು ಮಾಡು ಸಾಕು. ಒಂದು ವಾರ ನಿಂದು, ಒಂದು ವಾರ ನಂದು. ಕ್ರಿಸ್‌ಮಸ್ ಒಳಗೆ ಆಗ್ಲಿಲ್ವಾ, ನಾನು ಅವಳನ್ನ ಕರ್ಕೊಂಡು ಬೋಡೋಗೆ, ಅಪ್ಪನ ಮನೆಗೆ ಹೋಗ್ತೀನಿ. ಇಲ್ಲಿ ಒಬ್ಳೇ ಎಳೆದು ಎಳೆದು ಸಾಕಾಗಿದೆ."

ಅಷ್ಟು ದೂರ, ಉತ್ತರದ ಬೋಡೋಗೆ ಹೋದರೆ ಶನಿವಾರವೂ ಇಲ್ಲ. ಇಡೀ ವಿಷಯ ಇಷ್ಟೇ. ನನಗೆ ಬೇಕಿದ್ದದ್ದು ಬಾಗಿಲಿರುವ ಒಂದು ಚಿಕ್ಕ ಕೋಣೆ.

ನಿನಗೆ ಯಾಕೆ ಹೇಳಲಿಲ್ಲ ಅಂದರೆ, ಹೇಳಿದ್ದರೆ ನೀನು ಕನ್ನಡಕ ಹಾಕಿಕೊಂಡು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಳ್ಳುತ್ತಿದ್ದೆ. ಯಾವಾಗಲೂ ಹಾಗೇ. "ಕೊಡಿಲ್ಲಿ, ನಿಂಗೆ ತಲೆನೋವು ಬರುತ್ತೆ." ಈ ಸಲ ತಲೆನೋವು ನನಗೇ ಬರಲಿ ಅಂದುಕೊಂಡೆ.

ಬ್ಯಾಂಕಿಗೆ ಹೋದೆ. ಅಲ್ಲಿದ್ದವಳು ನನ್ನ ವಯಸ್ಸಿನ ಹುಡುಗಿ. ಎಷ್ಟು ಸಾಲ ಕೊಡಬಹುದು ಅಂತ ಪತ್ರ ಮಾಡಿಕೊಟ್ಟು, ಇವನಿನ್ನು ಎದ್ದು ಹೋಗಲಿ ಅನ್ನುವ ದನಿಯಲ್ಲಿ "ಏನಾದ್ರೂ ಪ್ರಶ್ನೆ ಇದ್ಯಾ?" ಅಂದಳು. "ಇಪ್ಪತ್ತಾರು ಇವೆ" ಅಂದೆ, ಚೀಟಿ ತೆಗೆದೆ. ಅವಳು ಕಾಫಿ ತರಿಸಿದಳು. ಮನೆಯ ಬೆಲೆಯ ಜೊತೆಗೆ ಇಡೀ ಬ್ಲಾಕಿನ ಹಳೆಯ ಸಾಲದಲ್ಲಿ ಒಂದು ಪಾಲು ತಲೆಗೆ ಬರುತ್ತದೆ, ಜಾಹೀರಾತಿನಲ್ಲಿ ಅದು ಸಣ್ಣ ಅಕ್ಷರದಲ್ಲಿರುತ್ತದೆ ಅನ್ನುವುದನ್ನು ಅಲ್ಲೇ ಕಲಿತೆ. ತಪಾಸಣೆಯ ವರದಿಯಲ್ಲಿ ಸೊನ್ನೆ ಅಂದರೆ ಚೆನ್ನ, ಮೂರು ಅಂದರೆ ಓಡು ಅನ್ನುವುದನ್ನು ನಾನೇ ಓದಿ ಕಲಿತೆ. ಊಟದ ಹೊತ್ತಿನಲ್ಲಿ ಕೆಲಸದ ಜಾಗದ ಶೆಡ್ಡಿನಲ್ಲಿ ಕೂತು ಓದುತ್ತಿದ್ದೆ. ನಮ್ಮ ಮೇಸ್ತ್ರಿ ಸ್ವೆರ್ರೆ ನೋಡಿದ.

"ಏನೋ ಅದು, ಬೈಬಲ್ಲಾ?"

"ಬಚ್ಚಲುಮನೆ."

"ಬಚ್ಚಲುಮನೆ ಬಗ್ಗೆ ಇಷ್ಟು ದಪ್ಪ ಪುಸ್ತಕಾನಾ? ನಮ್ಮಜ್ಜ ಹಿತ್ತಲಿಗೆ ಹೋಗಿ ಬರ್ತಿದ್ದ. ಅದಕ್ಕೆ ಒಂದು ಹಾಳೇನೂ ಇರ್ಲಿಲ್ಲ. ಇದ್ರೂ ಓದೋಕಲ್ಲ."

ಶೆಡ್ಡೆಲ್ಲ ನಕ್ಕಿತು. ನಾನೂ ನಕ್ಕೆ. ಆಮೇಲೆ ಸ್ವೆರ್ರೆನೇ ಬಂದು ಬಚ್ಚಲಿನ ಗೋಡೆಯ ಟೈಲನ್ನು ಹೇಗೆ ಬೆರಳಗಂಟಿನಿಂದ ತಟ್ಟಿ ನೋಡಬೇಕು, ಯಾವ ಸದ್ದು ಬಂದರೆ ಹಿಂದೆ ನೀರು ಕೂತಿದೆ ಅಂತ ತೋರಿಸಿಕೊಟ್ಟ.

ಐದು ಮನೆ ಕೈತಪ್ಪಿದವು. ಪ್ರತಿ ಭಾನುವಾರ ಬೂಟಿನ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಯಾರದೋ ಮಲಗುವ ಕೋಣೆಯಲ್ಲಿ ನಿಲ್ಲುವುದು, ಸೋಮವಾರ ಸೋಲುವುದು. ಆರನೆಯ ಮನೆ ಏಳನೇ ಬ್ಲಾಕು, ಮೂರನೇ ಮಹಡಿ, ಎಡಗಡೆ.

ಹೌದಮ್ಮ. ಅದೇ. ಈಗ ನೀನು ಕೂತಿರುವ ಕಡೆಯಿಂದ ತಲೆ ಎತ್ತಿದರೆ ಕಿಟಕಿಯಲ್ಲಿ ಕಾಣುತ್ತದೆ. ತಲೆ ಎತ್ತಬೇಡ, ಪೂರ್ತಿ ಓದು.

ಆ ಭಾನುವಾರ ಹೆಡ್ಡಾಳನ್ನು ಕೇಳಿಕೊಂಡು ಎಂಬ್ಲಾಳನ್ನೂ ಕರೆದುಕೊಂಡು ಹೋಗಿದ್ದೆ. ನೀನು ಅವತ್ತು ಪಾಳಿ ಮುಗಿಸಿ ಮಲಗಿದ್ದೆ, ಇಲ್ಲದಿದ್ದರೆ ಕಿಟಕಿಯಿಂದ ನೋಡಿರುತ್ತಿದ್ದೆ. ಅವಳು ಚಿಕ್ಕ ಕೋಣೆಗೆ ಹೋಗಿ ಒಳಗಿಂದ ಬಾಗಿಲು ಹಾಕಿಕೊಂಡಳು. "ತಟ್ಟಿ ಬಾ" ಅಂದಳು. ತಟ್ಟಿದೆ. "ಯಾರು?" ಅಂದಳು. "ಅಪ್ಪ" ಅಂದೆ. "ಈಗ ಆಗಲ್ಲ, ಆಮೇಲೆ ಬಾ" ಅಂದಳು. ಮನೆ ನೋಡಲು ಬಂದಿದ್ದ ಜನ ಎಲ್ಲ ನಕ್ಕರು. ನಾನು ಬಚ್ಚಲಿಗೆ ಹೋಗಿ ಟೈಲು ತಟ್ಟಿದೆ. ಸದ್ದು ಸರಿ ಇತ್ತು.

ಮಾರನೇ ದಿನ ಬೆಲೆ ಕೂಗುವುದು. ನಾನು ಶಾಲೆಯೊಂದರ ಮಾಡಿಗೆ ಸಾರವೆ ಕಟ್ಟುತ್ತಿದ್ದೆ, ನಾಲ್ಕನೇ ಅಂತಸ್ತಿನಲ್ಲಿ. ಕೈಗವಸು ಬಿಚ್ಚಿ ಹಲ್ಲಲ್ಲಿ ಕಚ್ಚಿಕೊಂಡು ಫೋನಿನಲ್ಲಿ ಬೆಲೆ ಒತ್ತಿದೆ. ಒತ್ತಿದರೆ ಮುಗಿಯಿತು, ಹಿಂದಕ್ಕೆ ತೆಗೆದುಕೊಳ್ಳಲು ಕಾನೂನು ಬಿಡುವುದಿಲ್ಲ. ಎದುರಿಗೆ ಒಂದು ಜೋಡಿ ಇತ್ತು. ಅವರು ಏರಿಸಿದರೆ ನಾನು ಏರಿಸುವುದು, ಪ್ರತಿ ಸಲ ಅರ್ಧ ಗಂಟೆ ಗಡುವು. ಐದು ಸಲ. ಕೊನೆಯ ಸಲ ಬ್ಯಾಂಕು ಕೊಡುತ್ತೇನೆ ಅಂದಿದ್ದಷ್ಟನ್ನೂ ಹಾಕಿದೆ. ಕೆಳಗಿನಿಂದ ಸ್ವೆರ್ರೆ ಕೂಗುತ್ತಿದ್ದ, "ಏಯ್, ಅಲ್ಲಿ ನಿಂತ್ಕೊಂಡು ಯಾರಿಗೋ ಮುತ್ತು ಕಳಿಸ್ತಿದೀಯ?" ಅಂತ. ಮಧ್ಯಾಹ್ನ ಎರಡೂಕಾಲಿಗೆ ಬ್ರೋಕರ್ ಫೋನ್ ಮಾಡಿದಳು. ಮನೆ ನನ್ನದು ಅಂದಳು.

ಆಮೇಲೆ ಅಂದಳು: "ಒಂದು ಮಾತು. ಇದು ಸಹಕಾರ ಸಂಘದ ಮನೆ, ಗೊತ್ತಲ್ವಾ? ನಿಮಗಿಂತ ಹಳೇ ಸದಸ್ಯರು ಯಾರಾದ್ರೂ ನಿಮ್ಮ ಬೆಲೆಗೇ ನಾನು ತಗೋತೀನಿ ಅಂದ್ರೆ ಅವರಿಗೆ ಹೋಗುತ್ತೆ. ಒಂದು ವಾರ ಕಾಯ್ಬೇಕು. ಆದ್ರೆ ಈ ಬೆಲೆಗೆ ಯಾರೂ ಬರಲ್ಲ ಬಿಡಿ, ನೀವು ಪರದೆ ಬಟ್ಟೆ ನೋಡ್ತಿರಿ."

ನನಗೆ ಗೊತ್ತಿತ್ತು. ಆ ನಿಯಮ ಗೊತ್ತಿಲ್ಲದವರು ಈ ಊರಿನಲ್ಲಿ ಯಾರಿದ್ದಾರೆ? ಆದರೂ ಅವಳ ಮಾತು ನಂಬಿದೆ. ಶನಿವಾರ ಎಂಬ್ಲಾಗೆ ಹೇಳಿಬಿಟ್ಟೆ. ತಪ್ಪು ಮಾಡಿದ್ದು ಅದೊಂದೇ.

ಹೋದ ವಾರ ಮಂಗಳವಾರ ಬ್ರೋಕರ್ ಮತ್ತೆ ಫೋನ್ ಮಾಡಿದಳು. ದನಿ ಕೇಳಿಯೇ ಗೊತ್ತಾಯಿತು. "ಒಬ್ರು ಬಂದಿದಾರೆ, ಸಾರಿ. ತುಂಬಾ ಹಳೇ ಸದಸ್ಯತ್ವ." ಹೆಸರು ಕೇಳಿದೆ, ಹೇಳುವಂತಿಲ್ಲ ಅಂದಳು. ಎಷ್ಟು ಹಳೆಯದು ಅಂತಾದರೂ ಹೇಳಿ ಅಂದೆ. ಅದನ್ನು ಸಂಘದವರೇ ಪ್ರಕಟಿಸುತ್ತಾರಂತೆ, ಓದಿ ಹೇಳಿದಳು. 2001, ಸೆಪ್ಟೆಂಬರ್ 17.

ನನಗೆ ದೀಕ್ಷಾಸ್ನಾನ ಆದದ್ದು 2001 ಸೆಪ್ಟೆಂಬರ್ 16, ಭಾನುವಾರ. ಉಳಿದವರು ಬೆಳ್ಳಿ ಚಮಚ ಕೊಟ್ಟರು. ಅಜ್ಜ ಏನೂ ಕೊಡಲಿಲ್ಲ. ಮಾರನೇ ದಿನ ಕಾಗದದ ಕಾರ್ಖಾನೆಯಿಂದ ಅರ್ಧ ದಿನ ರಜೆ ಹಾಕಿ, ಸಂಘದ ಕಚೇರಿಗೆ ಹೋಗಿ, ಎರಡು ತಿಂಗಳ ಕೂಸನ್ನು ಸದಸ್ಯನಾಗಿ ಸೇರಿಸಿ ಬಂದ. "ಚಮ್ಚ ಎಲ್ರೂ ಕೊಡ್ತಾರೆ. ನಾನು ಇವನನ್ನ ಸರದೀಲಿ ನಿಲ್ಸಿದೀನಿ" ಅಂದನಂತೆ. ಈ ಕಥೆ ನನಗೆ ಹೇಳಿದವಳು ನೀನೇ.

ಅಂದರೆ ನನ್ನನ್ನು ಹಿಂದೆ ಹಾಕಿದ್ದು ನಾನೇ. ನನ್ನ ಇಪ್ಪತ್ನಾಲ್ಕು ವರ್ಷ.

ಆಗ ಆ ಫಾರಂ ನೆನಪಾಯಿತು. ಮೂರು ವರ್ಷದ ಹಿಂದೆ, ಇದೇ ಮೇಜು. ಸುನ್ನಿವಾ ಓಸ್ಲೋದಲ್ಲಿ ಆ ಹುಡುಗನ ಜೊತೆ ಮನೆ ಕೊಂಡಾಗ ಸಂಘದಲ್ಲಿದ್ದ ತನ್ನ ಸದಸ್ಯತ್ವದ ಹಿರಿತನ ಬಳಸಿಬಿಟ್ಟಿದ್ದಳು, ಒಮ್ಮೆ ಬಳಸಿದರೆ ಮುಗಿಯಿತು. ಹುಡುಗ ಬಿಟ್ಟ, ಮನೆ ಅವನಿಗೇ ಉಳಿಯಿತು. ಮನೆಯವರ ನಡುವೆ ಹಿರಿತನ ಬರೆದುಕೊಡಬಹುದು ಅಂತ ನೀನು ಕಂಡುಕೊಂಡೆ. "ಇಲ್ಲೊಂದು ಸೈನ್ ಹಾಕಪ್ಪ, ಅಕ್ಕ ಮತ್ತೆ ಕಾಲ ಮೇಲೆ ನಿಂತ್ಕೊಳ್ಲಿ" ಅಂದೆ. ಹಾಕಿದೆ. ಒಲೆಯ ಮೇಲೆ ಮೀನಿನ ಸಾರು ಕುದಿಯುತ್ತಿತ್ತು.

ಇಷ್ಟು ತಲೆಯಲ್ಲಿಟ್ಟುಕೊಂಡು ಭಾನುವಾರ ಬಂದೆ. ಒಳ್ಳೆಯ ಸುದ್ದಿ ಇದೆ, ಕೇಕು ಮಾಡಿದ್ದೇನೆ, ಬಾ ಅಂತ ನೀನೇ ಮೆಸೇಜ್ ಕಳಿಸಿದ್ದೆ. ಕೇಕಿನ ಮೇಲೆ ಕಾಗದದ ಬಾವುಟ ಚುಚ್ಚಿದ್ದೆ. ಸುನ್ನಿವಾ ಕೆನ್ನೆ ಕೆಂಪಗಾಗಿತ್ತು, ಎಷ್ಟೋ ದಿನದ ಮೇಲೆ ಅವಳು ಹಾಗೆ ನಗುವುದನ್ನು ನೋಡಿದೆ. ಅದೂ ನಿಜ, ಬರೆಯುತ್ತಿದ್ದೇನೆ.

"ಮನೆ ಸಿಕ್ತು ಕಣೋ! ಏಳನೇ ಬ್ಲಾಕು! ಅಮ್ಮ ಕಿಟಕೀಲಿ ಕೈ ಬೀಸಿದ್ರೆ ಕಾಣುತ್ತೆ" ಅಂದಳು.

"ಬೆಲೆ ಮಾತ್ರ ಜಾಸ್ತಿ ಆಯ್ತು" ಅಂದೆ ನೀನು, ಕಾಫಿ ಬಗ್ಗಿಸುತ್ತಾ. "ಯಾವನೋ ಒಬ್ಬ ಸುಮ್ನೆ ಏರ್ಸಿ ಏರ್ಸಿ ಇಟ್ಟ. ಕೆಲವ್ರಿಗೆ ಕೈಲಿ ದುಡ್ಡಿರುತ್ತೆ, ತಲೇಲಿ ಏನೂ ಇರಲ್ಲ."

"ಪಾಪ, ಅವನಿಗೆ ಹೊಟ್ಟೆ ಉರಿದಿರುತ್ತೆ ಬಿಡಮ್ಮ" ಅಂದಳು ಸುನ್ನಿವಾ. ನಕ್ಕಿರಿ.

ನಾನು ಕೇಕು ತಿಂದೆ. ಎರಡು ತುಂಡು. ಬಾಯಲ್ಲಿ ಏನಿದೆ ಅಂತ ಗೊತ್ತಾಗುತ್ತಿರಲಿಲ್ಲ, ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ಇರುತ್ತದಲ್ಲ, ಹಾಗಿತ್ತು. ಆ ಮರಗಟ್ಟಿದ್ದು ಇವತ್ತಿಗೂ ಬಿಟ್ಟಿಲ್ಲ. ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತು, ನನಗೆ ಸಿಟ್ಟು ಅಭ್ಯಾಸ.

ಆಮೇಲೆ ಕೇಳಿದೆ: "ಯಾರ ಹಿರಿತನದ ಮೇಲೆ ಸಿಕ್ತು?"

ಸುನ್ನಿವಾ ನಿನ್ನ ಮುಖ ನೋಡಿದಳು. ನೀನು ಅಂದೆ, "ನಿಂದು ಅಂತ ಗೊತ್ತಿಲ್ವಾ? ನೀನೇ ಸೈನ್ ಹಾಕಿದ್ದು. ಸುಮ್ನೆ ಬಿದ್ದಿತ್ತಲ್ಲೋ, ನಿಂಗೇನು ಅದರ ಉಪಯೋಗ?"

"ನಾನು ಓದದೆ ಹಾಕಿದ್ದು" ಅಂದೆ.

"ನೀನು ಯಾವತ್ತು ಏನು ಓದಿದೀಯ?" ಅಂದೆ ನೀನು.

ತಮಾಷೆಗೇ ಅಂದೆ, ಗೊತ್ತು. ನಾನು ಎದ್ದೆ, ಮೊಣಕೈ ತಾಗಿತು, ತಟ್ಟೆ ಬಿತ್ತು. ಬೇರೆ ಏನೂ ಆಗಲಿಲ್ಲ. ಆ ದುಡ್ಡಿರುವ, ತಲೆ ಇಲ್ಲದ ಮನುಷ್ಯ ನಾನು ಅಂತ ಹೇಳಲು ಬಾಯಿ ಬರಲಿಲ್ಲ. ಹೇಳಿದ್ದರೆ ಆ ಬಾವುಟಗಳನ್ನು ಏನು ಮಾಡುತ್ತಿದ್ದಿರಿ?

ಮನೆ ಬಿಟ್ಟುಕೊಡು ಅಂತ ಸುನ್ನಿವಾಗೆ ಹೇಳಬೇಡ. ಅವಳೂ ಫೋನಿನಲ್ಲಿ ಒಪ್ಪಿಗೆ ಒತ್ತಿ ಆಗಿದೆ, ಹಿಂದಕ್ಕೆ ಬರುವುದಿಲ್ಲ. ಅವಳಿಗೆ ಏನೂ ಗೊತ್ತಿರಲಿಲ್ಲ, ನಿನಗೂ ಗೊತ್ತಿರಲಿಲ್ಲ. ಯಾರದೂ ತಪ್ಪಿಲ್ಲ, ಎಲ್ಲ ನಿಯಮದ ಪ್ರಕಾರ ಆಗಿದೆ. ಬೈಯಲು ಯಾರಾದರೂ ಒಬ್ಬರು ಸಿಗಲಿ ಅಂತ ನಾಲ್ಕು ದಿನ ಹುಡುಕಿದೆ.

ಹೆಡ್ಡಾಗೆ ಇನ್ನೂ ಹೇಳಿಲ್ಲ. ಈಗ ಅಲ್ಲಿಗೇ ಹೋಗುತ್ತಿದ್ದೇನೆ. ಕ್ರಿಸ್‌ಮಸ್ಸಿಗೆ ಒಂಬತ್ತು ವಾರ ಇದೆ, ಇನ್ನೊಂದು ಮನೆ ಸಿಗಬಹುದು ಅನ್ನುತ್ತೇನೆ. ಅವಳು ನಂಬುವುದಿಲ್ಲ. ನಾನೇ ನಂಬಿಲ್ಲ. ಆದರೂ ಈ ಭಾನುವಾರ ಎರಡು ಮನೆ ನೋಡುವುದಿದೆ, ಹೋಗುತ್ತೇನೆ.

ಮೊನ್ನೆ ಮಂಗಳವಾರ ಸುನ್ನಿವಾ ಮೆಸೇಜ್ ಮಾಡಿದ್ದಳು, ಸಾಮಾನು ಸಾಗಿಸಲು ಬರುತ್ತೀಯಾ ಅಂತ. ಬರುವುದಿಲ್ಲ ಅಂತ ನೀನೇ ಹೇಳು. ಕಾರಣ ಈ ಕಾಗದದಲ್ಲಿದೆ. ಅವಳಿಗೆ ತೋರಿಸುವುದು ಬಿಡುವುದು ನಿನಗೆ ಬಿಟ್ಟದ್ದು.

ಹಾಲ್ವಾರ್

ಮತ್ತೊಂದು: ಓದದೆ ಸೈನ್ ಹಾಕಿದೆ ಅಂದದ್ದು ಸುಳ್ಳು. ಓದಿದ್ದೆ. ನೀನು ಸಾರು ಕಲಕಲು ತಿರುಗಿದಾಗ ಎರಡೂ ಪುಟ ಓದಿದೆ. ಬರೆದುಕೊಟ್ಟದ್ದು ವಾಪಸು ಬರುವುದಿಲ್ಲ ಅನ್ನುವ ಸಾಲನ್ನು ಎರಡು ಸಲ ಓದಿದೆ. ನನ್ನಂಥವನು ಯಾವ ಕಾಲಕ್ಕೆ ಮನೆ ಕೊಳ್ಳುತ್ತಾನೆ ಅಂತ ನೀನು ಅಂದುಕೊಂಡಿದ್ದೆ, ನಾನೂ ಹಾಗೇ ಅಂದುಕೊಂಡೆ, ಅದಕ್ಕೆ ಹಾಕಿದೆ. ನಿನ್ನ ಮೇಲೆ ಸಿಟ್ಟು ಮಾಡೋಣ ಅಂದರೆ ಪ್ರತಿ ಸಲ ಅದು ಅಡ್ಡ ಬರುತ್ತದೆ. ಹಗಲು ನೀನು ಮಲಗಿರುತ್ತೀಯ ಅಂತ ಹುಟ್ಟಿದಾಗಿನಿಂದ ಈ ಮನೆಯ ಬಾಗಿಲನ್ನು ಹಿಡಿಕೆ ಅದುಮಿ, ಉಸಿರು ಹಿಡಿದು, ಸದ್ದಿಲ್ಲದೆ ಎಳೆದಿದ್ದೇನೆ. ಇವತ್ತು ಹಾಗೆ ಎಳೆಯುವುದಿಲ್ಲ. ಬೂಟು ಹಾಕಿಕೊಂಡಿದ್ದೇನೆ. ಕೀಲಿ ಈ ಕಾಗದದ ಮೇಲಿದೆ. ಇನ್ನೊಂದು ನಿಮಿಷಕ್ಕೆ ನಿನಗೆ ಎಚ್ಚರ ಆಗುತ್ತದೆ, ಗಾಬರಿಯಾಗಬೇಡ, ನಾನೇ.