ಕಸ್ತೂರೆವ್ವನಿಗೆ ‘ಬರುವ ವರ್ಷ’ ಅನ್ನಬೇಡ

ಬೆಟಗೇರಿ ದಿಬ್ಬ
ಕಡುಬೇಸಿಗೆ ಕಳೆದ ಹದಿನೇಳನೆಯ ವರ್ಷ (ನಿಮ್ಮ ಎಣಿಕೆಯಲ್ಲಿ ೨೧೬೩)
ಶೀಗಿ ಹುಣ್ಣಿಮೆಯ ಮುಂಚಿನ ವಾರ

ಅನಸಕ್ಕನಿಗೆ ತಂಗೆವ್ವ ಮಾಡುವ ಶರಣು.

ಹೇಗಿದ್ದೀ ಅವ್ವಾ? ಮೊಣಕಾಲ ನೋವು ಇಳಿಯಿತೇ? ಜೈತುನ್‌ಬಿ ಚಿಕ್ಕಮ್ಮನ ಕೆಮ್ಮು ಹೇಗಿದೆ, ಹೊಲಿಗೆ ಮಷಿನ್ನಿನ ಮುಂದೆ ಕೂತಾಗ ಇನ್ನೂ ಬರುತ್ತದೆಯೇ? ಸುಶೀಲಾ ಟೀಚರ್ ಕಣ್ಣಿನ ಪೊರೆ ತೆಗೆಸಿಕೊಂಡರೇ? ನಿನ್ನ ಮಗಳು ವೀಣಾ ಚೆನ್ನಾಗಿದ್ದಾಳೆಯೇ? ಅವಳ ಹಲ್ಲಿಗೆ ತಂತಿ ಹಾಕಿಸಿದ್ದು ಇದೇ ವರ್ಷ ಇರಬೇಕು. ಊಟಕ್ಕೆ ಕೂತಾಗ ಅಳುತ್ತಾಳೆ ಅಂತ ಬೈಯಬೇಡ. ಆ ಹಲ್ಲೆಲ್ಲ ಉದುರಿದ ಮೇಲೆ ಅವಳ ತೊಡೆಯ ಮೇಲೆ ಕೂತು ನಾನು ಕಥೆ ಕೇಳಿದ್ದೇನೆ. ಅವಳು ನನ್ನ ಮುತ್ತಜ್ಜಿ. ಅಂದಮೇಲೆ ನೀನು ನನಗೇನಾಗಬೇಕು, ನೀನೇ ಎಣಿಸಿಕೋ. ನಿನಗೀಗ ನಲವತ್ತರ ಮೇಲೊಂದು, ನನಗೆ ಎಪ್ಪತ್ತು. ನಮ್ಮಿಬ್ಬರಲ್ಲಿ ಹಿರಿಯಳು ಯಾರು ಅನ್ನುವುದು ನನಗೂ ಬಗೆಹರಿದಿಲ್ಲ. ನಮ್ಮ ಹೆಂಗಸರ ಬಳಗದಲ್ಲಿ ಎಲ್ಲರೂ ಎಲ್ಲರಿಗೂ ಅಕ್ಕ ಅನ್ನುವುದರಿಂದ ಅನಸಕ್ಕ ಅಂತಲೇ ಬರೆದೆ, ತಾಯಿಯ ಕಡೆಯವಳು ಅಂತ ‘ನೀನು’ ಅಂದೆ. ಇನ್ನು, ಇಲ್ಲಿ ಹೆಸರು ಹಿಡಿದು ಕೇಳಿದವರೆಲ್ಲರ ಆರೋಗ್ಯ ಮುಂದೆ ಏನಾಯಿತು ಅನ್ನುವುದು ನನಗೆ ಗೊತ್ತು. ಆದರೂ ಕೇಳುತ್ತೇನೆ. ಕೇಳುವುದು ಮರ್ಯಾದೆ. ಹೇಳುವುದು ಮರ್ಯಾದೆಯಲ್ಲ, ಅದಕ್ಕೇ ಹೇಳುವುದಿಲ್ಲ.

ನನ್ನ ಕನ್ನಡ ನಿನಗೆ ಅಲ್ಲಲ್ಲಿ ತೊಡರಬಹುದು, ಕ್ಷಮಿಸು. ನಾನು ಸಾಲೆಗೆ ಹೋದವಳಲ್ಲ. ಅಕ್ಷರ ಕಲಿತದ್ದು ಹಳೇ ಬಸ್‌ಸ್ಟ್ಯಾಂಡಿನ ಗೋಡೆಯಿಂದ. ಅಲ್ಲಿ ಈಗಲೂ ಊರುಗಳ ಹೆಸರುಗಳಿವೆ, ಬಸ್ಸುಗಳಿಲ್ಲ. ‘ಹುಬ್ಬಳ್ಳಿ’ಯ ಎರಡೂ ಒತ್ತು ತಪ್ಪದೆ ಬರೆದ ದಿನ ನಾನು ಓದಿದವಳಾದೆ ಅಂದುಕೊಂಡೆ. ಈ ಕಾಗದ ನಿನಗೆ ಹೇಗೆ ಮುಟ್ಟುತ್ತದೆ ಅಂತ ಕೇಳಬೇಡ. ಹಿಂದಿನವರಿಗೆ ಬರೆಯುವ ಕಾಗದಕ್ಕೆ ನಮ್ಮಲ್ಲಿ ಹಿಂಗಾಗದ ಅನ್ನುತ್ತಾರೆ. ಬರೆದು ಮಡಚಿ, ಮೊರದಲ್ಲಿ ನವಣೆಯ ಕೆಳಗೆ ಇಟ್ಟು, ಮೊರವನ್ನು ಹೊಸ್ತಿಲ ಬಳಿ ಬಿಡುತ್ತೇವೆ. ಬೆಳಗ್ಗೆ ನೋಡಿದರೆ ಕೆಲವು ಇರುತ್ತವೆ, ಕೆಲವು ಇರುವುದಿಲ್ಲ. “ಇಲಿ ಒಯ್ದಾವ ಬಿಡ ಆಯಿ” ಅಂತ ಹುಡುಗಿಯರು ನಗುತ್ತಾರೆ. ಇಲಿ ಬಂದಿದ್ದರೆ ಕಾಗದ ಒಯ್ದು ನವಣೆ ಯಾಕೆ ಬಿಟ್ಟುಹೋಯಿತು ಅಂತ ಕೇಳಿದರೆ ಮಾತ್ರ ನಗು ನಿಲ್ಲುತ್ತದೆ.

ನಮ್ಮ ದಿನ ಹೇಗೆ ಹೋಗುತ್ತದೆ ಅನ್ನುವುದನ್ನು ಮೊದಲು ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ನಿನಗೆ ತಿಳಿಯುವುದಿಲ್ಲ. ನಾವಿರುವುದು ನೆಲಮನೆಗಳಲ್ಲಿ. ಆಳೆತ್ತರ ನೆಲ ಅಗೆದು, ಮೇಲೆ ಚಪ್ಪಡಿ ಹಾಸಿ, ಅದರ ಮೇಲೆ ಮಣ್ಣು ಮುಚ್ಚಿದ ಮನೆ. ಚಪ್ಪಡಿಗಳೆಲ್ಲ ನಿಮ್ಮ ಓಣಿಯವೇ. ನನ್ನ ಅಡಿಗೆಮನೆಯ ಮೇಲಿರುವುದರಲ್ಲಿ ಯಾರೋ ಹುಲಿಮನೆ ಆಟದ ಗೆರೆ ಕೆತ್ತಿದ್ದಾರೆ, ಮಲಗಿದಾಗ ಕಾಣುತ್ತದೆ. ಹೊತ್ತೇರಿದ ಮೇಲೆ ಯಾರೂ ಹೊರಗೆ ಕಾಲಿಡುವುದಿಲ್ಲ. ಅದು ಉರಿಹೊತ್ತು, ಆಗ ಮಲಗುತ್ತೇವೆ. ಕೆಲಸವೆಲ್ಲ ತಂಪುಹೊತ್ತಿನಲ್ಲಿ, ಅಂದರೆ ಬೆಳಗಿನ ಜಾವಕ್ಕೊಂದಿಷ್ಟು, ಸಂಜೆಗೊಂದಿಷ್ಟು. ಹೊರಗೆ ಹೋಗುವಾಗ ನೆರಳಂಗಿ ತೊಡುತ್ತೇವೆ, ತಲೆಯಿಂದ ಹಿಮ್ಮಡಿಯವರೆಗೆ ಇಳಿಯುವ ಬಿಳಿಯ ಅಂಗಿ. ಸೀರೆ ಉಡುವವರು ಈಗ ಯಾರೂ ಇಲ್ಲ. ಮಗ್ಗದ ಸದ್ದು ಮಾತ್ರ ನಿಂತಿಲ್ಲ. ಗುಡ್ಡದ ಮೇಲೆ ನಿಮ್ಮ ಕಾಲದವರು ನಿಲ್ಲಿಸಿದ ಗಾಳಿಕಂಬಗಳಲ್ಲಿ ಅರ್ಧ ತಿರುಗುತ್ತವೆ, ಅರ್ಧ ಸುಮ್ಮನೆ ನಿಂತಿವೆ. ಬಂದಷ್ಟು ಕರೆಂಟು ಬಾವಿಗೆ ಸರಿಹೋಗುತ್ತದೆ, ಮಗ್ಗಕ್ಕೆ ನಮ್ಮ ಕೈಕಾಲೇ. ಊಟಕ್ಕೆ ನವಣೆ, ಹುರುಳಿ, ಒಣಗಿಸಿದ ಸೊಪ್ಪು. ಮಕ್ಕಳು ಹುಟ್ಟುತ್ತಾರೆ, ಜಗಳ ಆಡುತ್ತೇವೆ, ಮದುವೆಯಲ್ಲಿ ಉಪ್ಪು ಹೆಚ್ಚಾಯಿತು ಅಂತ ಬೀಗರು ಈಗಲೂ ಮುನಿಯುತ್ತಾರೆ.

ಇಷ್ಟೆಲ್ಲ ಬದಲಾದರೂ ನೀನು ಕಟ್ಟಿದ ಉಡಿ ಬಳಗ ಇದೆ, ಅನಸಕ್ಕ. ಕೇಳಿ ಹಿಗ್ಗು. ಅದು ಹುಟ್ಟಿದ ಕಥೆಯನ್ನು ವೀಣಜ್ಜಿ ಎಷ್ಟು ಸಲ ಹೇಳಿದಳೋ. ಶೀಗಿ ಹುಣ್ಣಿಮೆಗೆ ಭೂಮ್ತಾಯಿ ಬಸುರಿ ಅಂತ ಹೊಲದಲ್ಲಿ ಅವಳ ಉಡಿ ತುಂಬಿ ಬಂದು, ಓಣಿಯ ಹೆಂಗಸರು ಒಬ್ಬರಿಗೊಬ್ಬರು ಉಡಿ ತುಂಬುತ್ತಿದ್ದಿರಂತೆ: ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಒಂದು ರವಿಕೆಯ ಖಣ. ನೀನು ಕೊಟ್ಟ ಖಣ ಮನೆಯಿಂದ ಮನೆಗೆ ಹೋಗಿ, ಮರುವರ್ಷ ಮಡಿಕೆಯನ್ನೂ ಬಿಚ್ಚದೆ ನಿನ್ನ ಸೆರಗಿಗೇ ಬಂದು ಬಿದ್ದಾಗ ನೀನು ನಕ್ಕು, “ಈ ಖಣಾ ತಿರಗಿ ತಿರಗಿ ದಣದೈತಿ, ಬ್ಯಾರೆ ಮನಿ ತೋರಸೋಣು ಇದಕ್ಕ” ಅಂದೆಯಂತೆ. ಅಂದಿನಿಂದ ಎಲ್ಲರ ಉಡಿಯನ್ನೂ ಕೈಲಾದಷ್ಟು ರೂಪಾಯಿಯನ್ನೂ ಒಂದು ಮಾಡುವುದು, ಊರಿಗಾಗಿ ದುಡಿಯುವ ಸಣ್ಣ ಸಂಸ್ಥೆಯೊಂದನ್ನು ಎಲ್ಲರೂ ಕೂತು ಆರಿಸುವುದು, ಅಲ್ಲಿಂದ ಬಂದ ಹೆಣ್ಣುಮಗಳ ಸೆರಗಿಗೆ ಎಲ್ಲವನ್ನೂ ಸುರಿಯುವುದು. ಮೊದಲು ಕಿವುಡ ಮಕ್ಕಳ ಸಾಲೆ, ಆಮೇಲೆ ನೇಕಾರರ ಕೂಸಿನ ಮನೆ, ಆಮೇಲೆ ಹಾಸಿಗೆ ಹಿಡಿದವರನ್ನು ಮನೆಗೇ ಹೋಗಿ ನೋಡುವ ನರ್ಸಮ್ಮಂದಿರು. ನಾವೂ ಹಾಗೇ ಮಾಡುತ್ತೇವೆ. ರೂಪಾಯಿ ಈಗ ಮಕ್ಕಳ ಆಟದ ಸಾಮಾನು. ಉಡಿಗೆ ನವಣೆಯ ಜೊತೆ ಗಂಟುದಾರ ಹಾಕುತ್ತೇವೆ: ಕೆಂಪು ನೂಲಿಗೆ ಒಬ್ಬೊಬ್ಬಳು ಹಾಕಿದ ಗಂಟು, ಅವಳು ಕೊಡುವ ಒಂದು ತಂಪುಹೊತ್ತಿನ ದುಡಿಮೆ. ಉಡಿ ಪಡೆದವರು ಗಂಟು ಬಿಚ್ಚಿ ಕರೆದ ದಿನ ಹೋಗಲೇಬೇಕು, ಬಾಣಂತಿಯಾದರೂ ಬದಲಿಗೆ ತಂಗಿಯನ್ನು ಕಳಿಸಬೇಕು. ನಿನ್ನ ಕಿವುಡ ಮಕ್ಕಳ ಸಾಲೆ ಇನ್ನೂ ನಡೆಯುತ್ತಿದೆ. ಅಲ್ಲಿಯ ಮಕ್ಕಳು ಕೈಮಾತಿನಲ್ಲಿ ನಿನ್ನ ಹೆಸರು ಹೇಳುವುದು ಎರಡೂ ಕೈಯಲ್ಲಿ ಸೆರಗು ಹಿಡಿದ ಹಾಗೆ.

ಹಬ್ಬದ ದಿನ ಬಳಗದ ಹಿರಿಯಳು ಉಡಿಹಾಡು ಹೇಳಬೇಕು. ಯಾವ ವರ್ಷ ಯಾರ ಉಡಿ ತುಂಬಿತು ಅನ್ನುವುದೇ ಹಾಡು. ಒಂದೊಂದು ಸಾಲು ಮುಗಿದಾಗಲೂ ಎಲ್ಲರೂ ದನಿಗೂಡಿಸುವ ಪಲ್ಲವಿ ‘ಕಸ್ತೂರೆವ್ವಗ ಬರೂ ವರ್ಷ’. ಅದು ನಮ್ಮ ಆಡುಮಾತಿನಲ್ಲೂ ಸೇರಿಬಿಟ್ಟಿದೆ. ಎಂದೂ ಬಾರದ ದಿನಕ್ಕೆ ಕಸ್ತೂರೆವ್ವನ ವರ್ಷ ಅನ್ನುತ್ತೇವೆ. ಮಳೆ ಯಾವಾಗ? ಕಸ್ತೂರೆವ್ವನ ವರ್ಷ. ಒಯ್ದ ಕೊಡಲಿ ನೆರೆಯವನು ತಿರುಗಿ ಕೊಡುವುದು ಯಾವಾಗ? ಕಸ್ತೂರೆವ್ವನ ವರ್ಷ. ಅದು ಒಬ್ಬ ಹೆಂಗಸಿನ ಹೆಸರು ಅಂತಲೂ ಮಕ್ಕಳಿಗೆ ಗೊತ್ತಿಲ್ಲ. ನನಗೆ ಗೊತ್ತು, ಯಾಕೆಂದರೆ ನಿನ್ನ ವೀಣಾ ಆಕೆಗೆ ಕುಡಿಯಲು ನೀರು ಕೊಟ್ಟವಳು.

ಆಕೆಯನ್ನು ನಿನಗೆ ನಾನು ಪರಿಚಯ ಮಾಡಿಸಬೇಕಾಗಿಲ್ಲ. ಆದರೂ ಬಾಗಿಲ ಹಿಂದೆ ನಿಂತಿದ್ದ ನಿನ್ನ ಹುಡುಗಿಗೆ ಹೇಗೆ ಕಂಡಿತು ಅನ್ನುವುದನ್ನು ಕೇಳು. ಉದ್ದನೆಯ ಹೆಂಗಸು, ಸುಣ್ಣ ಹತ್ತಿ ಬಿರಿದ ಮುಂಗೈ, ಜೊತೆಗೆ ಇನ್ನಿಬ್ಬರು ಹೆಂಗಸರು. ಯಾರೂ ಕೇಳಲು ಬಾರದ ಹೆಣಗಳನ್ನು ಇವರು ತರುತ್ತಾರೆ, ರೈಲು ಹಳಿಯ ಬದಿಯಿಂದ, ಸಂತೆಕಟ್ಟೆಯಿಂದ. ಮೈಗೆ ನೀರು ಹಾಕಿ, ಹೊಸ ಬಟ್ಟೆ ಹೊದಿಸಿ, ಮಣ್ಣು ಮಾಡಿ, ತಲೆಯ ಹತ್ತಿರ ಒಂದು ಕಲ್ಲು ನಿಲ್ಲಿಸುತ್ತಾರೆ. ಹೆಸರು ಗೊತ್ತಿದ್ದರೆ ಹೆಸರು. ಇಲ್ಲದಿದ್ದರೆ ‘ಹಸಿರು ಅಂಗಿ, ಎಡಗೈಯಲ್ಲಿ ನವಿಲಿನ ಹಚ್ಚೆ’ ಅಂತ. ಎಂದಾದರೂ ಯಾರಾದರೂ ಹುಡುಕಿಕೊಂಡು ಬಂದರೆ ಸಿಗಲಿ ಅಂತ. ಆಕೆ ಹಬ್ಬದ ದಿನ ನಿನ್ನ ಹೊಸ್ತಿಲ ಆಚೆಯೇ ನಿಂತು ಕೇಳುತ್ತಾಳೆ. ಒಳಗೆ ಬಾ ಅಂತ ಯಾರೂ ಕರೆಯುವುದಿಲ್ಲ. “ಉಡಿ ತುಂಬೋ ಮನ್ಯಾಗ ಹೆಣದ ಮಾತು ಯಾಕ್ರಿ” ಅಂತ ಸುಶೀಲಾ ಟೀಚರ್ ಪಿಸುಗುಟ್ಟಿದ್ದು ಆಕೆಗೆ ಕೇಳಿಸುತ್ತದೆ. “ನಾವೂ ಭೂಮ್ತಾಯಿ ಉಡಿ ತುಂಬೋರ ಅದೀವ್ರಿ ಯಕ್ಕಾ” ಅನ್ನುತ್ತಾಳೆ. ಜೈತುನ್‌ಬಿ ಒಬ್ಬರೇ ನಗುತ್ತಾರೆ. ಆಗ ನೀನು, ಒಳ್ಳೆಯ ಮನಸ್ಸಿನಿಂದಲೇ, “ಬರೂ ವರ್ಷ ನಿಮ್ದ ಪಾಳಿ, ಕಸ್ತೂರೆವ್ವ” ಅನ್ನುತ್ತೀ. ಉಡಿ ತುಂಬುವ ದಿನ ಬಾಯಲ್ಲಿ ‘ಇಲ್ಲ’ ಬರಬಾರದಲ್ಲ. ಅಕ್ಕಿ ತೀರಿದರೂ ‘ಹೆಚ್ಚಾಗಿದೆ’ ಅನ್ನುವ ಜನ ನಾವು.

ಆಕೆ ಆ ಮಾತನ್ನು ನಂಬಿದಳು, ಅನಸಕ್ಕ. ಬೇರೆ ಊರಿನ ಯಾರೋ ಹೆಣ ಸಾಗಿಸಲು ಗಾಡಿ ಕೊಡುತ್ತೇವೆ ಅಂತ ಬಂದಾಗ, “ನಮಗ ಉಡಿ ಬಳಗದ ಅಕ್ಕಗೋಳು ಮಾತು ಕೊಟ್ಟಾರ್ರಿ, ನೀವು ಇಲ್ಲದವರಿಗೆ ಕೊಡ್ರಿ” ಅಂದು ಕಳಿಸಿದಳಂತೆ. ‘ಇಲ್ಲ’ ಅಂದಿದ್ದರೆ ಬೇರೆ ಬಾಗಿಲಿಗೆ ಹೋಗುತ್ತಿದ್ದಳು. ವರ್ಷ ವರ್ಷವೂ ನಿನ್ನ ಬಾಗಿಲಲ್ಲೇ ನಿಂತಳು. ನಿನ್ನ ನಂತರ ಬಂದವರಿಗೂ ಅದೇ ಮಾತು ರೂಢಿಯಾಯಿತು. ಜೊತೆಯವರಿಬ್ಬರೂ ಹೊಟ್ಟೆಪಾಡಿಗೆ ಕೂಲಿಗೆ ಹೋದರು. ಕಲಿಯುತ್ತೇವೆ ಅಂತ ಬಂದ ಹುಡುಗಿಯರು ನಿಲ್ಲಲಿಲ್ಲ. ಆಕೆಯೇ ಸತ್ತಾಗ ಕಲ್ಲು ಯಾರಿಟ್ಟರು ಅಂತ ವೀಣಜ್ಜಿಯನ್ನು ಕೇಳಿದೆ, ಅವಳು ಬಾಯಿಯ ಮೇಲೆ ಸೆರಗು ಇಟ್ಟುಕೊಂಡಳು. ಆ ಕೆಲಸ ಬಲ್ಲವರು ಈ ಊರಲ್ಲಿ ಮತ್ತೆ ಆಗಲಿಲ್ಲ.

ಇನ್ನು ನನ್ನ ಮಗಳ ವಿಷಯ ಬರೆಯಬೇಕು. ಅವಳ ಹೆಸರು ಸೋನವ್ವ. ಗಾಳಿಕಂಬಗಳ ರಿಪೇರಿಗೆ ಹೋಗುತ್ತಿದ್ದಳು, ನಗುತ್ತ ಏರುವವಳು, ಮೇಲಿನಿಂದ ನನ್ನ ಮನೆಯ ಹೊಗೆ ಕಂಡರೆ “ಅವ್ವ ಇವತ್ತೂ ಒಲಿಗೆ ಹುರಳೀನ ಇಟ್ಟಾಳ” ಅಂತ ಕೂಗಿ ಎಲ್ಲರಿಗೂ ಹೇಳುವವಳು. ಹದಿನೇಳು ವರ್ಷದ ಹಿಂದಿನ ಆ ಕಡುಬೇಸಿಗೆಯಲ್ಲಿ ಉರಿಹೊತ್ತು ಎಷ್ಟೋ ದಿನ ಇಳಿಯಲೇ ಇಲ್ಲ. ಗುಡ್ಡದ ಮೇಲಿದ್ದವರು ಅಲ್ಲೇ ಉಳಿದರು. ಸತ್ತವರನ್ನು ಇಳಿಸಿದ್ದು ಯಂತ್ರ, ಉದ್ದನೆಯ ಕುಣಿ ತೋಡಿದ್ದು ಯಂತ್ರ, ಮುಚ್ಚಿದ್ದೂ ಯಂತ್ರ. ನಾನು ನೀರಿನ ಕೊಡ ಹಿಡಿದು ಓಡಿದಾಗ ಮಣ್ಣು ಎಳೆದಾಗಿತ್ತು. ಯಾರು ಎಲ್ಲಿ ಅಂತ ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ, ಅದನ್ನು ನೋಡಿಟ್ಟುಕೊಳ್ಳಬೇಕು ಅಂತ ಹೇಳಿಕೊಡುವವರೇ ಇರಲಿಲ್ಲ. ಆಮೇಲೆ ಅದು ಉದ್ದನೆಯ ದಿಬ್ಬವಾಯಿತು. ನಮ್ಮ ಊರಿಗೆ ಈಗ ಅದೇ ಹೆಸರು. ಹಬ್ಬಕ್ಕೆ ಎಲ್ಲರೂ ತಮ್ಮವರಿಗೆ ನೀರು ಬಿಡಲು ಹೋಗುತ್ತಾರೆ, ಈ ತುದಿಯಿಂದ ಆ ತುದಿಗೆ ನಡೆಯುತ್ತ ಸುರಿಯುತ್ತಾರೆ. ನನಗೆ ಹಾಗೆ ಬರುವುದಿಲ್ಲ. ಎಲ್ಲಿ ನಿಲ್ಲಲಿ ಅಂತ ತಿಳಿಯದೆ ಕೊಡ ತುಂಬಿದ ಹಾಗೇ ಮನೆಗೆ ತರುತ್ತೇನೆ. ತಂದ ನೀರನ್ನು ಕುಡಿಯಲಾರೆ, ಚೆಲ್ಲಲಾರೆ.

ಅಂದಿನಿಂದ ನಮ್ಮ ಉಡಿ ಹಬ್ಬಕ್ಕೆ ಒಬ್ಬಳು ಬರುತ್ತಾಳೆ. ನನ್ನ ಮುಪ್ಪಿನ ಮಾತು ಅಂದುಕೊಳ್ಳಬೇಡ, ಬಾಗಿಲಿಗೆ ಎದುರಾಗಿ ಈಗ ಬಳಗದ ಯಾರೂ ಕೂರುವುದಿಲ್ಲ. ಹಾಡಿನ ಮೊದಲ ಪಲ್ಲವಿಗೆ ಹಸಿ ಮಣ್ಣಿನ ವಾಸನೆ ಬರುತ್ತದೆ, ಮಳೆಯೇ ಇಲ್ಲದ ಊರಲ್ಲಿ. ನಾನು ಒಮ್ಮೆ ತಲೆ ಎತ್ತಿ ನೋಡಿದೆ. ಮೆಟ್ಟಿಲ ಮೇಲೆ, ಹೊಸ್ತಿಲ ಆಚೆ, ಸೀರೆ ಉಟ್ಟವಳು ನಿಂತಿದ್ದಳು. ಸೆರಗನ್ನು ಎರಡೂ ಕೈಯಲ್ಲಿ ಒಡ್ಡಿ ಹಿಡಿದಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಪಾಳಿಗೆ ನಿಂತವರ ಮುಖ ಇರುತ್ತದಲ್ಲ, ಹಾಗಿತ್ತು. ನಾವು ‘ಬರೂ ವರ್ಷ’ ಅಂತ ಹಾಡಿ ಮುಗಿಸಿದೆವು. ಆಕೆ ತಲೆಯಾಡಿಸಿ, ಸೆರಗು ಕೊಡವಿ, ಹೋದಳು. ಸೆರಗಿನಿಂದ ಮಣ್ಣು ಉದುರಿದ್ದನ್ನು ಮರುದಿನ ನಾನೇ ಗುಡಿಸಿದೆ. ನಮ್ಮ ಬಳಗದ ಗೌರಕ್ಕ ಧೈರ್ಯದ ಹೆಂಗಸು, ಓಡಿಹೋಗಿ ಒಂದು ಹಿಡಿ ನವಣೆ ಆಕೆಯ ಸೆರಗಿಗೆ ಹಾಕಲು ನೋಡಿದಳು. ನವಣೆ ಮೆಟ್ಟಿಲ ಮೇಲೆ ಬಿತ್ತು. ಮಾತು ಕೊಟ್ಟವರು ನಾವಲ್ಲ, ಹಾಗಾಗಿ ತೀರಿಸಲು ನಮ್ಮಿಂದ ಆಗುವುದಿಲ್ಲ ಅಂತ ನನಗೆ ಅಂದು ತಿಳಿಯಿತು.

ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ನಿನ್ನನ್ನು ದೂರಲು ಅಲ್ಲ. ನಿನ್ನ ಉಡಿಯಿಂದ ಎಷ್ಟೋ ಮಕ್ಕಳು ಬದುಕಿದರು, ಅವರ ಮೊಮ್ಮಕ್ಕಳ ಕೈಯ ಗಂಜಿ ನಾನು ಕುಡಿದಿದ್ದೇನೆ. ಆದರೆ ಈ ಹುಣ್ಣಿಮೆಗೆ ಕಸ್ತೂರೆವ್ವ ಬಂದಾಗ ‘ಬರುವ ವರ್ಷ’ ಅನ್ನಬೇಡ. ಆಗುವುದಾದರೆ ಒಳಗೆ ಕರೆದು ಚಾಪೆಯ ಮೇಲೆ ಕೂರಿಸಿ ಉಡಿ ತುಂಬು. ಟೀಚರ್ ಮುಖ ತಿರುಗಿಸಿದರೆ ತಿರುಗಿಸಲಿ, ಮರುದಿನ ಸರಿಹೋಗುತ್ತಾರೆ. ಆಗದಿದ್ದರೆ ಆಗುವುದಿಲ್ಲ ಅನ್ನು. ಹಬ್ಬ ಕೆಡುವುದಿಲ್ಲ. ಆಕೆ ನೀರು ಕುಡಿದು ಮುಂದಿನ ಬಾಗಿಲಿಗೆ ಹೋಗಲಿ, ಮುಂದಿನವರು ಕೊಡಲಿ, ಒಬ್ಬಳು ಹುಡುಗಿಯಾದರೂ ಆ ಕೆಲಸ ಕಲಿಯಲಿ, ಅವಳಿಂದ ಇನ್ನೊಬ್ಬಳು. ಸೋನವ್ವ ಬದುಕಿ ಬರುತ್ತಾಳೆ ಅಂತ ನಾನು ಆಸೆಪಟ್ಟಿಲ್ಲ. ಬಿಸಿಲನ್ನು ನೀನು ತಡೆಯಲಾರೆ. ನಾನು ಕೇಳುವುದು ಅವಳ ತಲೆಯ ಹತ್ತಿರ ಒಂದು ಕಲ್ಲು. ಹೆಸರಿಲ್ಲದಿದ್ದರೂ ನಡೆಯುತ್ತದೆ, ‘ಕಂಬ ಏರುವವಳು, ಬಲಗಾಲಿಗೆ ಒಂದೇ ಗೆಜ್ಜೆ’ ಅಂತ ಇದ್ದರೆ ನನಗೆ ಸಾಕು.

ನೀನು ಹಾಗೆ ಮಾಡಿದರೆ ಹಾಡಿನಿಂದ ಆ ಪಲ್ಲವಿ ಹೋದೀತು, ಈ ಕಾಗದ ಬರೆದ ನೆನಪೂ ನನ್ನಿಂದ ಹೋದೀತು. ಹೋಗಲಿ. ದಿನಾ ತಂಪುಹೊತ್ತಿಗೆ ದಿಬ್ಬಕ್ಕೆ ಹೋಗಿ ಕಲ್ಲು ಬಂದಿದೆಯೇ ಅಂತ ನೋಡಿ ಬರುತ್ತಿದ್ದೇನೆ. ಇವತ್ತು ಇನ್ನೂ ಬರೀ ಮಣ್ಣೇ ಇತ್ತು.

ಆಕೆ ಬಂದಳೇ, ನೀನು ಏನಂದೆ, ಆಕೆ ಏನಂದಳು, ಅಷ್ಟನ್ನೇ ನಾಲ್ಕು ಸಾಲು ಬರೆ. ವೀಣಾಳ ಕೈಯಲ್ಲಿ ಬರೆಸಿದರೂ ಆಯಿತು, ಅವಳ ಅಕ್ಷರ ದುಂಡಗಿರುತ್ತದೆ, ಓದಲು ಸುಲಭ. ತಡಮಾಡಬೇಡ ಅವ್ವಾ. ಹುಣ್ಣಿಮೆ ಹತ್ತಿರ ಬಂತು, ನಿನ್ನ ಕಡೆಯೂ ನನ್ನ ಕಡೆಯೂ. ಬೇಗ ಬರೆ.

ನಿನ್ನ
ತಂಗೆವ್ವ