ಕೊಬ್ಬರಿ ಎಣ್ಣೆಯಲ್ಲಿ ಮಿಂದ ಆರು ಕಾಡತೂಸು

ಅರಸೀಕೆರೆ
೮ ಅಕ್ಟೋಬರ್ ೨೦೦೧, ಸೋಮವಾರ

ಪ್ರೀತಿಯ ಮಗ ಶರತ್ಚಂದ್ರನಿಗೆ,

ಅಮ್ಮನ ಆಶೀರ್ವಾದ. ಮೊದಲು ನಿನ್ನ ಕೆಮ್ಮಿನ ವಿಷಯ ಹೇಳು. ಸೈನ್ಯದ ಬಂದೂಕು ವರ್ಕ್‌ಶಾಪಿನ ಧೂಳಿಗೆ ಕೆಮ್ಮು ಹಿಡಿದು ಹದಿನೈದು ದಿನವಾಯಿತು, ಔಷಧಿ ತಂದಿಟ್ಟರೂ ಮುಟ್ಟುವುದಿಲ್ಲ ಎಂದು ಪ್ರತಿಮಾ ಬರೆದಿದ್ದಾಳೆ. ಅರೇಹಳ್ಳಿಯಿಂದ ತರಿಸಿದ ಮೆಣಸು ಕಳಿಸಿದ್ದೆನಲ್ಲ, ಅದನ್ನು ಕುಟ್ಟಿ ಬೆಲ್ಲದ ಜೊತೆ ಕುದಿಸಿ ಕುಡಿ. ಹೆಂಡತಿಯ ಮಾತು ಕೇಳದಿದ್ದರೆ ನಾನೇ ಜಬಲ್ಪುರದ ರೈಲು ಹತ್ತಿ ಬರುತ್ತೇನೆ, ಆಮೇಲೆ ನಿನ್ನ ಸುಬೇದಾರರ ಮುಂದೆ ಕಿವಿ ಹಿಂಡಿಸಿಕೊಳ್ಳಬೇಕಾದೀತು. ನನ್ನ ಮೊಣಕಾಲು ನೋವು ಹಾಗೇ ಇದೆ, ಅದು ಬಿಟ್ಟರೆ ಗಟ್ಟಿಯಾಗಿದ್ದೇನೆ. ಕೊಬ್ಬರಿ ಈ ವರ್ಷ ಚೆನ್ನಾಗಿ ಒಣಗಿದೆ. ನಮ್ಮ ಕೊಬ್ಬರಿ ಮಂಡಿಯ ಆಳು ಹನುಮಮ್ಮ ಎಂದಿನಂತೆ ಕೊಬ್ಬರಿ ಆರಿಸುತ್ತಾ ಇಡೀ ಊರನ್ನು ಬಯ್ಯುತ್ತಾ ಕೂತಿರುತ್ತಾಳೆ.

ನಿನ್ನ ಕಾಗದದಲ್ಲಿ ಅರ್ಧ ನನ್ನ ಆರೋಗ್ಯ ಕೇಳಿದ್ದೀಯ, ಇನ್ನರ್ಧ ನಿಮ್ಮಪ್ಪನ ರಿವಾಲ್ವರಿನದು. ಅದು ನನಗಿಂತ ಚೆನ್ನಾಗಿದೆ ಕಣೋ. ಸೋಮವಾರ ಮಂಡಿಯ ಬಾಗಿಲು ತೆಗೆದ ಕೂಡಲೇ ನನಗೆ ಅದೇ ಕೆಲಸ. ನೀನು ಹೇಳಿಕೊಟ್ಟಂತೆ ಕಾಡತೂಸುಗಳನ್ನು ತೆಗೆದು ಮೇಜಿನ ಆ ತುದಿಗೆ ಇಡುತ್ತೇನೆ, ಗುಂಡು ಕೂರುವ ಆರು ಮನೆಗೂ ಬೆರಳಿಟ್ಟು ಖಾಲಿ ಎಂದು ನೋಡಿದ ಮೇಲೆಯೇ ಮುಂದಿನದು. ಬ್ರಶ್ಶನ್ನು ನಳಿಗೆಯಲ್ಲಿ ಎಳೆದು, ನಿಮ್ಮಪ್ಪನ ಹಳೆಯ ಪಂಚೆಯ ಚೂರಿನಿಂದ ಒರೆಸುತ್ತೇನೆ, ಚೂರು ಬೆಳ್ಳಗೆ ಈಚೆ ಬರುವ ತನಕ ಬಿಡುವುದಿಲ್ಲ. ನೀನು ಕಳಿಸಿದ ಬಂದೂಕಿನ ಎಣ್ಣೆ ಎರಡೇ ಹನಿ, ಅದನ್ನೂ ಆಮೇಲೆ ಒರೆಸಿಬಿಡುತ್ತೇನೆ. ಕಾಡತೂಸಿಗೆ ಮಾತ್ರ ಒಣ ಬಟ್ಟೆ. ಮುಟ್ಟುವ ಮುಂಚೆ ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆಯುತ್ತೇನೆ, ಏಕೆಂದರೆ ಕೊಬ್ಬರಿ ಮಂಡಿಯಲ್ಲಿ ಕೂತವಳ ಕೈಯಲ್ಲಿ ಯಾವಾಗಲೂ ಎಣ್ಣೆ ಇದ್ದೇ ಇರುತ್ತದೆ. ಚರ್ಮದ ಚೀಲದಲ್ಲಿಟ್ಟರೆ ಹಿತ್ತಾಳೆಗೆ ಕಿಲುಬು ಹಿಡಿಯುತ್ತದೆ ಎಂದು ಬರೆದಿದ್ದೆಯಲ್ಲ, ಆ ಚೀಲವನ್ನು ಒಲೆಗೆ ಹಾಕಿದೆ. ಮಂಡಿಯಿಂದ ಹೊರಗೆ ಹೋಗುವಾಗ ನಾನೇ ಹೊಲಿದ ಒರಟು ಕಾಡಾಬಟ್ಟೆಯ ಚೀಲದಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳುತ್ತೇನೆ. ಬ್ಯಾಂಕಿನ ಗುಮಾಸ್ತ ನನ್ನನ್ನು ಕಂಡರೆ ಈಗ ಎದ್ದು ನಿಲ್ಲುತ್ತಾನೆ. ವಯಸ್ಸಿಗೆ ಕೊಡುವ ಮರ್ಯಾದೆ ಇರಬೇಕು ಅಂದುಕೊಂಡು ಸುಮ್ಮನಿದ್ದೇನೆ.

ವರ್ಷಕ್ಕೊಂದು ಸಲ ಹಳೆಯ ಆರನ್ನು ಹಾರಿಸಿ ಹೊಸ ಆರನ್ನು ತುಂಬಬೇಕು ಎಂಬ ನಿನ್ನ ಮಾತನ್ನೂ ನಡೆಸಿದ್ದೇನೆ. ಶ್ರಾವಣದಲ್ಲಿ ಹಾಸನಕ್ಕೆ ಹೋಗಿ, ಗುರಿ ಕಲಿಸುವ ಮೈದಾನದಲ್ಲಿ ಆರನ್ನೂ ಹಾರಿಸಿ ಬಂದೆ. ಒಂದೂ ಕೈ ಕೊಡಲಿಲ್ಲ. ಪಕ್ಕದಲ್ಲಿದ್ದ ನಿವೃತ್ತ ಹವಾಲ್ದಾರರು ಬೆರಗಾಗಿ, ಈ ವಯಸ್ಸಿನಲ್ಲಿ ಇದೆಲ್ಲ ಯಾಕಮ್ಮ ಅಂದರು. ಒಂಟಿ ಹೆಂಗಸಿಗೆ ಬೇಕಲ್ಲ ಅಂದೆ. ನಿನಗೆ ನಿಜ ಹೇಳುತ್ತೇನೆ. ಒಂದೊಂದು ಗುಂಡಿಗೂ ಆ ರಟ್ಟಿನ ಮೇಲೆ ಒಂದು ಮುಖ ಬೇಕಿತ್ತು ನನಗೆ. ನಿಮ್ಮಪ್ಪನನ್ನು ಕೊಂದವನ ಮುಖ. ಅದು ಗೊತ್ತಿಲ್ಲದೆ ಬರೀ ರಟ್ಟು ಸುಟ್ಟು ಬಂದೆನಲ್ಲ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಬರುವ ಡಿಸೆಂಬರಿಗೆ ನಿಮ್ಮಪ್ಪ ಹೋಗಿ ಐದು ವರ್ಷ. ಅವರು ಹಳೇಬೀಡಿನಲ್ಲಿ ವ್ಯಾಪಾರ ಮುಗಿಸಿ ಅಲ್ಲೇ ಉಳಿದು, ಬೆಳಿಗ್ಗೆ ಚಳಿಯಲ್ಲೇ ಸ್ಕೂಟರ್ ಹತ್ತಿ ಹೊರಟವರು ಹಾರನಹಳ್ಳಿ ದಾಟಿದರು, ಮನೆಗೆ ಬರಲಿಲ್ಲ. ಮಚ್ಚಿನ ಏಟು ಕುತ್ತಿಗೆಗೆ ಬಿದ್ದಿತ್ತು. ರಿವಾಲ್ವರ್ ಹತ್ತು ಮಾರು ದೂರದ ಲಂಟಾನದ ಪೊದೆಯಲ್ಲಿ ಸಿಕ್ಕಿತು. ಹಾರಿಸದ ಆರು ಕಾಡತೂಸು ಎಂದು ಪೊಲೀಸರು ಬರೆದುಕೊಂಡರು. ಕಳ್ಳರೇ ಕಿತ್ತು ಎಸೆದಿರಬೇಕು, ದೇವೀರಪ್ಪನವರಿಗೆ ಹೊರಗೆ ತೆಗೆಯಲು ಆಗಿಲ್ಲ ಎಂದರು. ಕೊನೆಗೆ ಯಾರೆಂದು ಪತ್ತೆಯಾಗಲಿಲ್ಲ ಎಂದು ಕೇಸನ್ನೂ ಮುಚ್ಚಿದರು.

ಆಮೇಲೆ ಆ ಆರು ಕಾಡತೂಸಿನ ಸಮೇತ ರಿವಾಲ್ವರ್ ನನ್ನ ಹೆಸರಿಗೆ ಬಂತು. ನೀನು ರಜೆಗೆ ಬಂದವನು ಅಡುಗೆಮನೆಯ ಕಿಟಕಿಯ ಬೆಳಕಿಗೆ ಆ ಆರನ್ನೂ ಬುಡಮೇಲು ಮಾಡಿ ನೋಡಿದೆ. ಮೂರರ ಬುಡದ ನಡುವಿನ ಬಿಲ್ಲೆಯಲ್ಲಿ ರಿವಾಲ್ವರಿನ ಸುತ್ತಿಗೆ ಬಡಿದ ಸಣ್ಣ ಸಣ್ಣ ತಗ್ಗು ಇತ್ತು. ನಿಮ್ಮಪ್ಪ ಹೊರಗೆ ತೆಗೆದಿದ್ದರು. ಮೂರು ಸಲ ಟ್ರಿಗರ್ ಎಳೆದಿದ್ದರು. ಮೂರು ಸಲವೂ ಅದು ಮೋಸ ಮಾಡಿತ್ತು. ಯಾಕೆ ಎಂದು ನೀನು ಮೂಸಿ ನೋಡಿದೆ, ಆಮೇಲೆ ನನ್ನ ಮುಖ ನೋಡಿದೆ. ಆಯುಧಪೂಜೆಯ ದಿನ ತಕ್ಕಡಿ, ಕತ್ತಿ, ಸ್ಕೂಟರಿನ ಜೊತೆ ರಿವಾಲ್ವರನ್ನೂ ಮಣೆಯ ಮೇಲಿಟ್ಟು ಪೂಜೆ ಮಾಡುತ್ತಿದ್ದೆವಲ್ಲ, ಪ್ರತಿ ವರ್ಷ ಆ ಆರು ಕಾಡತೂಸುಗಳನ್ನು ನಮ್ಮ ಗಾಣದ ಎಣ್ಣೆಯ ಬಟ್ಟಲಲ್ಲಿ ಅದ್ದಿ, ಕೂಸಿಗೆ ಎಣ್ಣೆ ನೀವಿದ ಹಾಗೆ ನೀವಿ, ಕುಂಕುಮ ಇಟ್ಟು ಮತ್ತೆ ತುಂಬುತ್ತಿದ್ದವಳು ನಾನು. ಮಿಕ್ಕಿದ್ದನ್ನು ರಿವಾಲ್ವರಿನೊಳಗೂ ಸುರಿಯುತ್ತಿದ್ದೆ. ಸಾಕು ಕಣೇ, ಬೋಂಡ ಕರೀತೀಯೇನೇ ಎಂದು ನಿಮ್ಮಪ್ಪ ನಗುತ್ತಿದ್ದರು. ನಮ್ಮ ಎಣ್ಣೆ ತಲೆಗೂ ಆಗುತ್ತೆ, ತಕ್ಕಡಿಗೂ ಆಗುತ್ತೆ, ಇದಕ್ಕೂ ಆಗುತ್ತೆ ಎಂದು ನಾನು ಜಂಬ ಕೊಚ್ಚುತ್ತಿದ್ದೆ. ಡಿಸೆಂಬರಿನ ಚಳಿಗೆ ಬಾಟಲಿಯಲ್ಲಿ ಗಟ್ಟಿಯಾಗುವ ಎಣ್ಣೆ ಅದರೊಳಗೂ ಗಟ್ಟಿಯಾಗುತ್ತದೆ, ಗುಂಡಿನ ಬುಡಕ್ಕೆ ಹೊಡೆಯುವ ಸುತ್ತಿಗೆಯ ಏಟನ್ನು ಮೆತ್ತಗೆ ಮಾಡುತ್ತದೆ, ವರ್ಷಗಟ್ಟಲೆ ಹಚ್ಚಿದ್ದು ಬಿಲ್ಲೆಯೊಳಗಿನ ಮದ್ದಿಗೂ ಇಳಿಯುತ್ತದೆ ಎಂದು ನನಗೆ ಹೇಳಿದವನು ನೀನು. ಹುಟ್ಟಿದಾಗಿನಿಂದ ಕೊಬ್ಬರಿ ಎಣ್ಣೆ ಗಟ್ಟಿಯಾಗುವುದನ್ನು ನೋಡಿದ್ದೇನೆ, ಒಂದು ಸಲವೂ ಹೊಳೆಯಲಿಲ್ಲ ನೋಡು.

ಇದು ನಮ್ಮಿಬ್ಬರಲ್ಲೇ ಇರಲಿ ಅಮ್ಮಾ ಅಂದೆ. ಆ ಗುರುತು ತೋರಿಸಿದರೆ ಗುಂಡು ಯಾಕೆ ಹಾರಲಿಲ್ಲ ಎಂದು ಕೇಳುತ್ತಾರೆ, ಜನ ನಿನ್ನ ಕಡೆ ಬೆರಳು ತೋರಿಸುತ್ತಾರೆ ಅಂದೆ. ನಾನು ಒಪ್ಪಿದೆ. ಒಪ್ಪಬಾರದಿತ್ತು. ನನ್ನನ್ನು ಕಾಪಾಡಲು ಹೋಗಿ ನಿಮ್ಮಪ್ಪನ ಹೆಸರು ಬೀದಿಪಾಲಾಯಿತು. ದೇವೀರಪ್ಪನಿಗೆ ಸೊಂಟದಲ್ಲಿ ರಿವಾಲ್ವರ್ ಇತ್ತು, ಎದೆಯಲ್ಲಿ ಧೈರ್ಯ ಇರಲಿಲ್ಲ ಎಂಬ ಮಾತು ಈ ಊರಿನಲ್ಲಿ ಇವತ್ತಿಗೂ ನಡೆಯುತ್ತದೆ. ಅದನ್ನು ಮೊದಲು ಆಡಿದ್ದು ನಿನ್ನ ಇಂದುಧರ ಚಿಕ್ಕಪ್ಪ, ಅದೂ ನಿಮ್ಮಪ್ಪ ತೀರಿಕೊಂಡ ಮೇಲಿನ ಶಿವಗಣಾರಾಧನೆಯ ಊಟದ ಪಂಕ್ತಿಯಲ್ಲಿ. ಅಣ್ಣ ಅದನ್ನ ಹೊರಗೇ ತೆಗೀಲಿಲ್ಲ, ಹೆದರಿಬಿಟ್ರು ಪಾಪ ಎಂದು ಕಣ್ಣು ಒರೆಸಿಕೊಂಡರು. ನಿಮ್ಮಪ್ಪನ ಪಾಲುದಾರರಾಗಿದ್ದವರು, ಅಷ್ಟು ಹತ್ತಿರದವರು ಹೇಳಿದ್ದನ್ನು ಯಾರು ತಾನೇ ನಂಬುವುದಿಲ್ಲ. ಈಗ ಅವರದೇ ದೊಡ್ಡ ಮಂಡಿ ಇದೆ. ಆದರೂ ಸೋಮವಾರ ಸೋಮವಾರ ಇಲ್ಲಿಗೆ ಬಂದು ಕಾಫಿ ಕುಡಿದು, ಅತ್ತಿಗೆ ಹೇಗಿದೀರಿ ಎಂದು ವಿಚಾರಿಸಿಕೊಂಡು ಹೋಗುತ್ತಾರೆ.

ನನಗೆ ಕೋಪ ಇಳಿಯುವುದಿಲ್ಲ ಮಗನೇ. ಮಠದ ಸ್ವಾಮಿಗಳು ಕ್ಷಮಿಸುವುದನ್ನು ಕಲಿಯಬೇಕು ತಾಯಿ ಅಂದರು. ಪಾದ ಮುಟ್ಟಿ ನಮಸ್ಕಾರ ಮಾಡಿ ಬಂದೆ, ಕ್ಷಮೆಯನ್ನು ಅಲ್ಲೇ ಬಿಟ್ಟು ಬಂದೆ. ನನ್ನ ತಪ್ಪಿಗೆ ನಾನು ದಿನಾ ಶಿಕ್ಷೆ ಅನುಭವಿಸುತ್ತಿದ್ದೇನೆ. ಮಚ್ಚು ಎತ್ತಿದವನು ಮಾತ್ರ ಹೊಟ್ಟೆ ತುಂಬ ಉಂಡು ತಿರುಗಾಡುತ್ತಿದ್ದಾನೆ. ಹೊಸ ಆರು ಕಾಡತೂಸನ್ನು ತುಂಬುವಾಗ ಪ್ರತಿ ಸಲ ಅವನನ್ನೇ ನೆನೆಯುತ್ತೇನೆ. ಅವನು ನನ್ನ ಎದುರಿಗೆ ಬಂದು ನಿಲ್ಲುವ ದಿನ ಇದು ಟಿಕ್ ಅನ್ನಬಾರದು, ಅಷ್ಟಕ್ಕೇ ಈ ಒರೆಸುವುದು, ತೊಳೆಯುವುದು, ಬದಲಾಯಿಸುವುದು. ನೀನು ಇದನ್ನು ನನ್ನ ರಕ್ಷಣೆಗೆ ಎಂದುಕೊಂಡಿದ್ದರೆ ಇವತ್ತು ತಿಳಿದುಕೋ.

ಆಯುಧಪೂಜೆಗೆ ಹೇಗಾದರೂ ಮಾಡಿ ರಜೆ ತೆಗೆದುಕೊಂಡು ಬಾ. ಕಳೆದ ಸಲದ ಹಾಗೆ ಕಾಗದದಲ್ಲಿ ಕಾರಣ ಕಳಿಸಬೇಡ. ಪ್ರತಿಮಾಗೆ ನನ್ನ ಆಶೀರ್ವಾದ ಹೇಳು, ಅವಳಿಗಿಷ್ಟವಾದ ಕೊಬ್ಬರಿ ಮಿಠಾಯಿ ಮಾಡಿಟ್ಟಿರುತ್ತೇನೆ. ಶಿವ ನಿಮ್ಮಿಬ್ಬರನ್ನೂ ತಣ್ಣಗೆ ಇಟ್ಟಿರಲಿ, ನನ್ನನ್ನು ಇನ್ನೂ ಸ್ವಲ್ಪ ದಿನ ಬಿಸಿಯಾಗಿಯೇ ಇಟ್ಟಿರಲಿ.

ನಿನ್ನ ಅಮ್ಮ,
ರುದ್ರಮ್ಮ

ಮತ್ತೆ ಬರೆದದ್ದು: ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಇದನ್ನೇ ಬರೆಯಲು ಕೂತೆ, ಕೈ ಬರಲಿಲ್ಲ. ಟಪಾಲು ಹೊರಡುವ ಹೊತ್ತಾಯಿತು, ಬೇಗ ಹೇಳುತ್ತೇನೆ. ಕಳೆದ ಸೋಮವಾರ ಇಂದುಧರ ಬಂದಾಗ ನಾನು ರಿವಾಲ್ವರ್ ಒರೆಸುತ್ತಿದ್ದೆ. ಕಾಫಿ ಕುಡಿಯುತ್ತಾ, ನನಗೆ ಸಮಾಧಾನ ಹೇಳುವ ಹಾಗೆ, "ಎಷ್ಟು ಒರೆಸಿದ್ರೇನು ಬಿಡಿ ಅತ್ತಿಗೆ, ಬೇಕಾದಾಗ ಅಣ್ಣನ ಕೈಲಿ ಮೂರು ಸಲ ಟಿಕ್ ಅಂತು, ಅಷ್ಟೇ ತಾನೆ" ಅಂದ. ಹೊರಗೇ ತೆಗೆಯಲಿಲ್ಲ ಎಂದು ಐದು ವರ್ಷ ಊರಿಗೆಲ್ಲ ಸಾರಿದವನು. ಏನು ಆಡಿದೆನೆಂದು ಅವನಿಗೇ ಗೊತ್ತಾಗಲಿಲ್ಲ. ಇನ್ನೊಂದು ಲೋಟ ಕಾಫಿ ಕೊಟ್ಟೆ, ಕುಡಿದು ಹೋದ. ಅವನು ಅತ್ತ ಹೋದ ಮೇಲೆ ಹನುಮಮ್ಮ ಕೊಬ್ಬರಿ ಕೆಳಗಿಟ್ಟು, "ಮೂರು ಸಲ ಅಂದ್ರಲ್ಲವ್ವಾ, ಅಲ್ಲಿ ನಿಂತ್ಕಂಡು ಎಣಿಸ್ದೋರು ಯಾರು?" ಅಂದಳು.

ಆ ಮೂರು ತಗ್ಗಿನ ವಿಷಯ ನೀನು ಯಾರಿಗೂ ಹೇಳಿಲ್ಲ ಎಂದು ನನಗೆ ಗೊತ್ತು, ಆದರೂ ಅಷ್ಟನ್ನು ಒಂದು ಸಾಲು ತಂತಿ ಕೊಡು, ಅದು ಕಾಗದದ ಮೇಲೆ ಇರಬೇಕು. ಇವತ್ತು ಬೆಳಿಗ್ಗೆ ಹೊಸ ಇನ್‌ಸ್ಪೆಕ್ಟರ್ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ, ಎಣ್ಣೆ ಹಚ್ಚಿದ್ದು ನಾನೇ ಎಂಬುದನ್ನೂ ಹೇಳಿದೆ. ಪೂಜೆಗೆ ಅವರು ಬರುತ್ತಾರೆ. ಮಂಡಿಯವರೆಲ್ಲ ಬರುತ್ತಾರೆ. ಇಂದುಧರನನ್ನು ನಾನೇ ಮನೆಗೆ ಹೋಗಿ ಕರೆದು ಬಂದೆ, ಖಂಡಿತ ಬರ್ತೀನಿ ಅತ್ತಿಗೆ ಅಂದಿದ್ದಾನೆ. ನಿಮ್ಮಪ್ಪನ ಕನ್ನಡಕದ ಡಬ್ಬಿಯಲ್ಲಿ ಕಾಪಾಡಿಟ್ಟ ಆ ಹಳೆಯ ಆರನ್ನೂ ಮಣೆಯ ಮೇಲೆ ಬುಡ ಮೇಲಾಗಿ ನಿಲ್ಲಿಸುತ್ತೇನೆ. ಎಲ್ಲರೆದುರು ಅವನ ಕೈಗೆ ಕುಂಕುಮ ಕೊಟ್ಟು, ನಿಮ್ಮಣ್ಣ ಎಷ್ಟು ಸಲ ಒತ್ತಿದರು ಎಂದಿರಿ, ಇನ್ನೊಮ್ಮೆ ಹೇಳಿ ಎಂದು ಕೇಳುತ್ತೇನೆ.

ನೀನು ಬರುವಾಗ ಯಾವ ಆಯುಧವನ್ನೂ ತರದೆ ಕೈಬೀಸಿಕೊಂಡು ಬಾ. ರಿವಾಲ್ವರಿನಲ್ಲಿರುವ ಹೊಸ ಆರನ್ನು ಅವನ ಮೇಲೆ ವ್ಯರ್ಥ ಮಾಡುವುದಿಲ್ಲ. ಅವತ್ತು ಹಾರದ ಆ ಮೂರೇ ಸಾಕು.