ಮೋರಿ ಮೊದಲೋ ಯುದ್ಧ ಮೊದಲೋ

ಮಾರ್ಚ್ 4, ಮಂಗಳವಾರ. ಸಂಜೆ

ತಲೆ ಚಿಟ್ಟು ಹಿಡಿದಿದೆ. ಪುರಸಭೆಯಲ್ಲಿ ನನ್ನ ಕೆಲಸ ಎರಡೇ — ಸಭೆಯ ನಡಾವಳಿ ಬರೆಯೋದು, ಗಂಟೆ ಬಾರಿಸೋದು. ಊರಿನವರು ಯಾರು ಬೇಕಾದರೂ ಮೈಕಿನ ಮುಂದೆ ಮೂರು ನಿಮಿಷ ಮಾತಾಡಬಹುದು. ಆಮೇಲೆ ಟಿಂಗ್. ಅಧ್ಯಕ್ಷರ ಹೆಂಡತಿಗೇ ಟಿಂಗ್ ಅಂದವಳು ನಾನು.

ಅಜೆಂಡಾದಲ್ಲಿ ಇದ್ದದ್ದು ಸ್ಕೂಲಿನ ಹಿಂದಿನ ಮೋರಿ. ಬಂದದ್ದು ಯುದ್ಧ. ಯುದ್ಧ ನಿಲ್ಲಲಿ ಅಂತ ಪುರಸಭೆ ನಿರ್ಣಯ ಮಾಡಬೇಕು — ಮೆಡಿಕಲ್ ಶಾಪಿನಾಕೆಯ ಬೇಡಿಕೆ. ರಿಟೈರ್ಡ್ ಇಂಜಿನಿಯರು ಎದ್ದರು. "ಯುದ್ಧ ನಿಲ್ಸೋ ಅಧಿಕಾರ ನಿಮಗಿದ್ಯಾ? ಇಲ್ಲ. ಮೋರಿ ಕಟ್ಟೋ ಅಧಿಕಾರ ಇದ್ಯಾ? ಇದೆ. ಮತ್ತೆ?"

ಆಕೆ ಬಿಡ್ತಾಳಾ. "ಮೋರಿ ಕಟ್ಟೋ ಕೈಗೆ ಬಾಯಿ ಇರಬಾರದು ಅಂತ ಎಲ್ಲಿದೆ ಸರ್?"

ಟಿಂಗ್. ಟಿಂಗ್.

ಸಭೆ ಮುಗಿದರೂ ಹೊರಗೆ ಮೆಟ್ಟಿಲ ಮೇಲೆ ಅದೇ ಜಗಳ. ಅಲ್ಲಿ ಗಂಟೆ ಇಲ್ಲ ನೋಡು. ಮನಸ್ಸಿನಲ್ಲೇ ಇಂಜಿನಿಯರಿಗೆ ನನ್ನ ಓಟು. ಇಲ್ಲಿ ಒಂದು ಕಾಗದ ಬರೆದರೆ ಅಲ್ಲಿ ಬಾಂಬು ನಿಲ್ಲುತ್ತಾ?

ತಂಗಿ ಆ ಯುದ್ಧದ ನಾಡಲ್ಲೇ ನರ್ಸಾಗಿರೋದು ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ. ಹೇಳಿಲ್ಲ. ಹೇಳಿದರೆ ಎಲ್ಲರೂ ಸಾವಿನ ಮನೆಗೆ ಬಂದವರ ಮುಖ ಮಾಡಿಕೊಂಡು ಮಾತಾಡಿಸ್ತಾರೆ. ಆ ಮುಖ ನನಗೆ ಬೇಡ.

ಮಾರ್ಚ್ 6

ತಂಗಿಯ ಫೋನು ಬಂತು. ಲೈನು ಕರಕರ. ಆಸ್ಪತ್ರೆಯ ನೆಲಮಾಳಿಗೆಗೆ ವಾರ್ಡು ಇಳಿಸಿದ್ದಾರಂತೆ. "ಊಟ ಮಾಡಿದ್ಯಾ?" ಅಂದರೆ "ಮಾಡ್ದೆ" ಅಂದಳು. ಸುಳ್ಳು. ಚಿಕ್ಕಂದಿನಿಂದಲೂ ಸುಳ್ಳು ಹೇಳುವಾಗ ಅವಳ ಉತ್ತರ ಬೇಗ ಬರುತ್ತೆ.

ಅಮ್ಮನಿಗೆ ನಿರ್ಣಯದ ಸುದ್ದಿ ಗೊತ್ತಾಗಿಬಿಟ್ಟಿದೆ. ಮೆಡಿಕಲ್ ಶಾಪಿಗೆ ಬಿಪಿ ಮಾತ್ರೆಗೆ ಹೋಗಿದ್ದಳಲ್ಲ! "ನಾನೂ ಮಾತಾಡ್ತೀನಿ" ಅಂತಾಳೆ.

"ಬೇಡಮ್ಮ. ಅದರಿಂದ ಏನೂ ಆಗಲ್ಲ."

"ಏನೂ ಆಗಲ್ಲ ಅಂತ ಸುಮ್ನಿರೋದರಿಂದ ಏನಾಗಿದೆ, ಹೇಳು?"

ಪಾತ್ರೆ ತೊಳೆಯೋಕೆ ಹೋದೆ. ಸ್ವಲ್ಪ ಜೋರಾಗೇ ತೊಳೆದೆ.

ಮಾರ್ಚ್ 11, ಮಂಗಳವಾರ

ಬರೆಯೋಕೆ ಮನಸ್ಸಿಲ್ಲ. ಬರೀತೀನಿ.

ದರ್ಜಿ ಮೊದಲು ಮಾತಾಡಿದ. ಸಮಾಧಾನದ ಮನುಷ್ಯ. ತನ್ನ ಅಂಗಡಿಗೆ ಆ ಎರಡೂ ದೇಶದವರು ಬರ್ತಾರೆ, ಒಂದೇ ಬೆಂಚಿನ ಮೇಲೆ ಕೂರ್ತಾರೆ. "ನೀವು ಒಂದು ಕಡೆ ನಿಂತ ಮೇಲೆ ಆ ಬೆಂಚಿನಿಂದ ಯಾರು ಎದ್ದು ಹೋಗಬೇಕು ಸ್ವಾಮಿ?" ಅಂದ. ಮೆಡಿಕಲ್ ಶಾಪಿನಾಕೆ ಕೂಡ ಎತ್ತಿದ ಕೈ ಇಳಿಸಿದಳು.

ಆಮೇಲೆ ಅಮ್ಮ.

ಒಗೆದಿಟ್ಟ ಸೀರೆ, ತಲೆಗೆ ಎಣ್ಣೆ. ಮೈಕಿಗೆ ಕೈಮುಗಿದಳು. ಶುರು ಮಾಡಿದ್ದು ಎಲ್ಲಿಂದ? ಹೆರಿಗೆಯಿಂದ! ಚಿಕ್ಕವಳು ಕಾಲು ಮುಂದಾಗಿ ಹುಟ್ಟಿದ್ದು. ನಡೆಯೋಕೆ ತಡ ಮಾಡಿದ್ದು. ಬೆಕ್ಕಿನ ಮರಿಗೆ ಅಪ್ಪನ ಟವೆಲ್ಲು ಹರಿದು ಬ್ಯಾಂಡೇಜು ಕಟ್ಟಿದ್ದು, ಅಪ್ಪ ಬೈದದ್ದು. ಅಮ್ಮ ಯಾವ ಕಥೆಯನ್ನೂ ಬುಡದಿಂದಲೇ ಹೇಳೋದು. ಹಿಂದೆ ಯಾರೋ ಕಿಸಕ್ಕೆಂದರು. ನನ್ನ ಕಣ್ಣು ಗಡಿಯಾರದ ಮೇಲೆ. ಅಮ್ಮಾ, ಬೇಗ, ಬೇಗ...

"ನರ್ಸಿಂಗ್ ಮುಗಿಸಿದ್ಲು. ಕೆಲಸಾನೂ ಸಿಕ್ತು. ಎಲ್ಲಿ ಅಂದ್ರೆ—"

ಟಿಂಗ್.

ಕೈ ತಾನಾಗೇ ಹೋಯಿತು. ವರ್ಷಗಳ ಅಭ್ಯಾಸ. ಅಮ್ಮ ನನ್ನ ಕಡೆ ತಿರುಗಿ ನೋಡಿದಳು. ಬೈಯಲಿಲ್ಲ. "ಸರಿ" ಅಂದು ಹೋಗಿ ಕೂತಳು. ಯುದ್ಧದ ಹತ್ತಿರಕ್ಕೂ ಬಂದಿರಲಿಲ್ಲ ಅವಳ ಮಾತು.

ಕೊನೆಗೆ ಹೊಸ ತಕರಾರು — ನಿರ್ಣಯ ಪಾಸಾದರೆ ಕಾಗದ ಯಾರ ವಿಳಾಸಕ್ಕೆ ಕಳಿಸೋದು? ಅರ್ಧ ಸಂಜೆ ಅದಕ್ಕೇ ಹೋಯಿತು. ವಿಷಯ ಮುಂದೂಡಿದರು. ಆ ಗಲಾಟೆಯಲ್ಲಿ ಮೋರಿಯನ್ನೂ ಮುಂದೂಡಿದರು.

ನಡಾವಳಿಯಲ್ಲಿ ಬರೆದೆ: "ಚರ್ಚಿಸಲಾಯಿತು. ಮುಂದೂಡಲಾಯಿತು." ಕಾಲು ಮುಂದಾಗಿ ಹುಟ್ಟಿದ್ದಕ್ಕೆ, ಬೆಕ್ಕಿನ ಮರಿಗೆ, ನಡಾವಳಿಯಲ್ಲಿ ಜಾಗ ಇಲ್ಲ.

ಮಾರ್ಚ್ 12

ಅಮ್ಮ ಮಾತು ಬಿಟ್ಟಿದ್ದಾಳೆ. ಕಾಫಿ ಲೋಟ ಟೇಬಲ್ಲಿಗೆ ಟಕ್ ಅಂತ ಇಟ್ಟು ಹೋಗ್ತಾಳೆ. ರೂಲು ರೂಲೇ ಅಲ್ವಾ? ಅಮ್ಮನಿಗೊಂದು, ಊರಿಗೊಂದು ಮಾಡೋಕಾಗುತ್ತಾ? ಬೆಳಗಿನಿಂದ ಇದನ್ನೇ ನನಗೆ ನಾನೇ ಹೇಳ್ಕೊಳ್ತಿದ್ದೀನಿ. ಸಾಲ್ತಾ ಇಲ್ಲ.

ಮಾರ್ಚ್ 13. ಮಧ್ಯಾಹ್ನ

ತಂಗಿ ಫೋನು! ಆಫೀಸಿನ ಜೆರಾಕ್ಸ್ ರೂಮಿಗೆ ಓಡಿದೆ.

"ಅಕ್ಕಾ, ಅಮ್ಮಂಗೆ ಗಂಟೆ ಹೊಡೆದ್ಯಂತೆ?"

ಅಲ್ಲಿಗೂ ಚಾಡಿ ಮುಟ್ಟಿದೆ. ಮೆಸೇಜು ಕಳಿಸಿದ್ದಾಳೆ ಅಮ್ಮ. ಎಷ್ಟು ದಿನದ ಮೇಲೆ ನಗ್ತಿದ್ದಾಳೋ ತಂಗಿ.

"ನಿರ್ಣಯ ಏನಾಯ್ತು?"

"ಮುಂದೂಡಿದ್ರು. ಮೋರಿ ಮೊದಲು ಆಗ್ಬೇಕಂತೆ."

"ಮೋರಿ ಆಯ್ತಾ?"

"ಇಲ್ಲ. ಅದನ್ನೂ ಮುಂದೂಡಿದ್ರು."

ಬಿದ್ದು ಬಿದ್ದು ನಕ್ಕಳು. ಪಕ್ಕದಲ್ಲಿದ್ದವರಿಗೆ ಅವರ ಭಾಷೆಯಲ್ಲಿ ಹೇಳಿದಳು, ಅವರೂ ನಕ್ಕದ್ದು ಕೇಳಿಸಿತು. ಆಮೇಲೆ ದನಿ ಇಳಿಸಿ ಅಂದಳು — "ಇಲ್ಲಿ ಒಬ್ಬರು ಅಜ್ಜಿ ಇದ್ದಾರೆ ಅಕ್ಕಾ. ನಾವಿಲ್ಲಿ ಇದ್ದೀವಿ ಅಂತ ಹೊರಗೆ ಯಾರಿಗಾದ್ರೂ ಗೊತ್ತಾ ಅಂತ ದಿನಾ ಕೇಳ್ತಾರೆ. ಇವತ್ತು ಹೇಳ್ತೀನಿ. ಒಂದೂರಲ್ಲಿ ನಮಗೋಸ್ಕರ ಜಗಳ ಆಡ್ತಿದ್ದಾರೆ ಅಂತ."

ಲೈನು ಹೋಯಿತು. ಜೆರಾಕ್ಸ್ ಮೆಷಿನ್ನಿನ ಮೇಲೆ ತಲೆಯಿಟ್ಟು ಅತ್ತೆ.

ಮಾರ್ಚ್ 16

ಫೋನಿಲ್ಲ.

ಮಾರ್ಚ್ 17

ಆ ಆಸ್ಪತ್ರೆಯ ಹೆಸರು ನ್ಯೂಸಲ್ಲಿ ಬಂತು. ಖಾಲಿ ಮಾಡಿಸಿದ್ದಾರೆ ಅಂತ ಒಂದು ಚಾನೆಲ್ಲು, ಇಲ್ಲ ಅಂತ ಇನ್ನೊಂದು. ನಂಬರ್ ಒತ್ತಿ ಒತ್ತಿ ಸಾಕಾಯಿತು. ಭಯ. ಬೇರೆ ಪದ ಹುಡುಕೋಕೆ ಹೋಗಲ್ಲ.

ಸಂಜೆ ಇಂಜಿನಿಯರು ಮನೆಗೇ ಬಂದರು. ವಿಷಯ ಗೊತ್ತಾಗಿದೆ — ಅಮ್ಮನ ಮಾತ್ರೆ ಅಂಗಡಿಯ ಕೃಪೆ. ಕೂತವರು ಅಮ್ಮನಿಗೆ ಅಂದರು: "ನನ್ನ ಅಭಿಪ್ರಾಯ ಬದಲಾಗಿಲ್ಲಮ್ಮ, ನಾಳೆಯೂ ಮೋರೀನೇ ಅಂತೀನಿ. ಆದ್ರೆ ನನ್ನ ಮೂರು ನಿಮಿಷ ನಿಮಗೆ ಬಿಟ್ಟುಕೊಡ್ತೀನಿ, ಅದಕ್ಕೆ ರೂಲ್ ಇದೆ. ನಿಮ್ಮದೂ ಸೇರಿ ಆರಾಗುತ್ತೆ." ತಂಗಿಯ ಫೋನು ಬಂದಾಗಿನಿಂದ ಬೈಕೊಳ್ತಿದ್ದೆ ಈ ಮನುಷ್ಯನನ್ನ.

ಅಮ್ಮ ತಲೆಯಾಡಿಸಿದಳು. "ಆರು ಕೊಟ್ರೂ ನಾನು ಹೆರಿಗೆಯಿಂದ್ಲೇ ಶುರು ಮಾಡೋದು ಸಾರ್. ಮಧ್ಯದಿಂದ ಹೇಳೋಕೆ ನನಗೆ ಬರಲ್ಲ." ಆಮೇಲೆ ನನ್ನ ಕಡೆ ತಿರುಗಿ, ಇಷ್ಟು ದಿನದ ಮೇಲೆ ಮೊದಲ ಮಾತು: "ನೀನು ಹೇಳು."

ಮಾರ್ಚ್ 18, ಮಂಗಳವಾರ

ಮಧ್ಯಾಹ್ನ ಅರ್ಧ ದಿನ ರಜೆ. ಡ್ಯೂಟಿಯಲ್ಲಿದ್ದರೆ ಮೈಕಿಗೆ ಹೋಗುವಂತಿಲ್ಲ. ಗಂಟೆ ಟೈಪಿಸ್ಟಿಗೆ ಕೊಟ್ಟೆ. "ನಿಮಗೂ ಬಾರಿಸ್ಲಾ ಮೇಡಂ?" ಅಂದಳು. "ಬಾರಿಸು. ಮುಲಾಜು ಬೇಡ."

ಒಂದು ಕಾಗದದಿಂದ ಬಾಂಬು ನಿಲ್ಲಲ್ಲ. ಇವತ್ತೂ ಅದನ್ನೇ ಅಂತೀನಿ. ಪಾಸಾಗದೇ ಹೋದರೂ ಹೋಗಲಿ, ಜಗಳವಾದರೂ ಆಡಲಿ — ಆ ಅಜ್ಜಿಗೆ ಹೇಳೋಕಾದರೂ ಬೇಕು. ದರ್ಜಿಯ ಬೆಂಚಿನ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಇಲ್ಲ ಅಂತಲೇ ಹೇಳ್ತೀನಿ.

ಅಮ್ಮ ಆಗಲೇ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಾಳೆ. ಹೇಳೋದನ್ನ ಇಲ್ಲೇ ಬರೆದುಕೊಂಡು ಹೋಗ್ತೀನಿ, ಮಾತು ಮರೆತರೆ ಓದಬಹುದು. ಹೆರಿಗೆ ಬೇಡ, ಬೆಕ್ಕು ಬೇಡ. ನೇರ ವಿಷಯಕ್ಕೆ —

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ನರ್ಸು. ಅವಳು ಈಗ ಇರೋದು... ಎಲ್ಲಿ ಅಂತ ಬರೀಲಿ?